ಚೌಗುಲೆ ಹವಾಲ್ದಾರರ ಅರ್ಧ ಸೆಂಟಿಮೀಟರ್

ಚೌಗುಲೆ ಹವಾಲ್ದಾರರ ಕಷ್ಟಕ್ಕೆಲ್ಲ ಕಾರಣ ಅರ್ಧ ಸೆಂಟಿಮೀಟರ್. ಕಳ್ಳರ ಕೈಯಿಂದ, ಮೇಲಧಿಕಾರಿಗಳ ಬಾಯಿಂದ, ಗಣಪತಿ ಮೆರವಣಿಗೆಯ ಡೋಲಿನ ಸದ್ದಿನಿಂದ ಇಷ್ಟು ವರ್ಷ ಪಾರಾಗಿ ಬಂದ ಮನುಷ್ಯನನ್ನು ಅದು ಒಂದೇ ದಿನದಲ್ಲಿ ಮಲಗಿಸಿಬಿಟ್ಟಿತು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ ಮಲಗಿಸಿತು.

ಬೆಳಗ್ಗೆ ಕರಂಜವಾಡಿ ಠಾಣೆಗೆ ಜಿಲ್ಲಾ ಹೆಡ್‌ಕ್ವಾರ್ಟರಿನಿಂದ ಫೋನ್ ಬಂತು. ಬಡ್ತಿಗೆ ಹೆಸರು ಹೋಗಿರುವ ಹವಾಲ್ದಾರರೆಲ್ಲ ಇವತ್ತೇ ಮಧ್ಯಾಹ್ನ ಪರೇಡ್ ಮೈದಾನಕ್ಕೆ ಬರಬೇಕು, ಎತ್ತರ ಅಳೆಯುತ್ತಾರೆ, ನೂರಾ ಅರವತ್ತೈದು ಸೆಂಟಿಮೀಟರಿನ ಗೆರೆ. ಇಷ್ಟು ಹೇಳಿ ಆ ಕಡೆಯವರು ಫೋನ್ ಇಟ್ಟರು.

ಕರಂಜವಾಡಿಯಿಂದ ಹೆಸರು ಹೋದವರು ಇಬ್ಬರು. ಒಬ್ಬರು ವಾಮನ ಚೌಗುಲೆ, ಇನ್ನೊಬ್ಬ ಅವರ ಜೊತೆಯಲ್ಲೇ ಭರ್ತಿಯಾದ ಗೆಳೆಯ ಸರ್ಜೇರಾವ್ ಖೋತ. ಇಬ್ಬರ ತೋಳಿಗೂ ಮೂರು ಪಟ್ಟಿ. ಬಡ್ತಿ ಸಿಕ್ಕರೆ ಪಟ್ಟಿ ಹೋಗಿ ಭುಜದ ಮೇಲೆ ಒಂದು ನಕ್ಷತ್ರ ಬರುತ್ತದೆ.

ಆ ನಕ್ಷತ್ರ ವಾಮನರಾಯರಿಗಿಂತ ಅವರ ಹೆಂಡತಿ ಇಂದುಮತಿಗೆ ಹೆಚ್ಚು ಬೇಕಾಗಿತ್ತು. ಅವಳ ತಂಗಿಯ ಗಂಡ ಅರಣ್ಯ ಇಲಾಖೆಯವನು, ಎರಡು ನಕ್ಷತ್ರದವನು. ತವರಿನ ಯಾವ ಮದುವೆಗೆ ಹೋದರೂ ಅವನಿಗೆ ಮುಂದಿನ ಸಾಲಿನಲ್ಲಿ ಸೋಫಾ ಹಾಕುತ್ತಿದ್ದರು. ವಾಮನರಾಯರಿಗೆ, ‘ನೀವು ಪೊಲೀಸರಲ್ಲೇನ್ರಿ, ಒಂಚೂರು ಗಾಡಿ ನಿಲ್ಲಿಸೂ ಜಾಗಾ ನೋಡಕೊಳ್ರಿ’ ಎಂದು ಸೀಟಿ ಕೊಡುತ್ತಿದ್ದರು. ಈ ಸಲ ತಪ್ಪಿದರೆ ಬಡ್ತಿಯ ವಯಸ್ಸೂ ಮೀರುತ್ತಿತ್ತು. ಆಮೇಲೆ ಸಾಯುವವರೆಗೂ ಸೀಟಿಯೇ ಗತಿ.

ಫೋನಿನ ಸುದ್ದಿ ಪೊಲೀಸ್ ಲೈನಿಗೆ ವಾಮನರಾಯರಿಗಿಂತ ಮೊದಲೇ ತಲುಪಿತ್ತು. ಅವರು ಮನೆಗೆ ಬರುವ ಹೊತ್ತಿಗೆ ಪಕ್ಕದ ಮನೆಯ ನಿವೃತ್ತ ಜಮಾದಾರ ದಾಜಿಬಾ ಮಗ್ದೂಮ್ ಕೈಯಲ್ಲಿ ದರ್ಜಿಯ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ದಾಜಿಬಾ ಯಾವ ನಿಯಮವನ್ನೂ ಕಲಂ ನಂಬರ್ ಇಲ್ಲದೆ ಹೇಳಿದವರಲ್ಲ. ಆ ನಂಬರನ್ನು ಇದುವರೆಗೆ ಯಾರೂ ತೆಗೆದು ನೋಡಿದವರಲ್ಲ.

ವಾಮನರಾಯರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ತಲೆಯ ಮೇಲೆ ಲಟ್ಟಣಿಗೆ ಮಣೆ ಇಟ್ಟು, ದಾಜಿಬಾ ಎರಡು ಸಲ ಅಳೆದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ವಾಮನರಾವ್, ನೀವು ಕುಗ್ಗೀರಿ."

"ಕುಗ್ಗೂದು ಅಂದ್ರ? ನಾನೇನು ಒಗದು ಒಣಗಿಸಿದ ಬನೀನ್ ಏನ್ರಿ ಕಾಕಾ?"

"ಬನೀನ್ ಆದ್ರ ಜಗ್ಗಬಹುದಿತ್ತು. ವಯಸ್ಸಾದಂಗ ಬೆನ್ನಿನ ಮಣಿ ಒಂದರ ಮ್ಯಾಲ ಒಂದು ಕುಂತಬಿಡತಾವ. ಅರ್ಧ ಸೆಂಟಿಮೀಟರ್ ಕಮ್ಮಿ ಬಿದ್ದೀರಿ. ಕಲಂ ನಲವತ್ತೇಳು, ಉಪಕಲಂ ಕ. ಭರ್ತಿಗಿ ಎಷ್ಟು ಎತ್ತರ ಬೇಕೋ ಬಡ್ತಿಗೂ ಅಷ್ಟ ಬೇಕು. ಹೆಸರು ಹೊಡದು ಹಾಕ್ತಾರ."

ಇಂದುಮತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ಇಪ್ಪತ್ತಾರು ವರ್ಷ ನಾ ಮಾಡಿ ಹಾಕಿದ್ದು ಎಲ್ಲಾ ಹೊಟ್ಟಿಗೇ ಹೋತೇನ್ರಿ? ಎತ್ತರಕ್ಕ ಒಂಚೂರೂ ಹೋಗ್ಲಿಲ್ಲ?"

ಅಷ್ಟರಲ್ಲಿ ಎದುರು ಮನೆಯ ಸುಲಭಾ ವಹಿನಿ ಕೊತ್ತಂಬರಿ ಸೋಸುತ್ತಲೇ ಒಳಗೆ ಬಂದಳು. "ಇದಕ್ಯಾಕ ಇಷ್ಟು ಚಿಂತಿ? ತಲಿ ಮ್ಯಾಲ ಒಂದು ಬುಗುಟು ಬರಿಸಿದ್ರಾತು. ನಮ್ಮ ಅಣ್ಣ ಮಿಲಿಟ್ರಿ ಭರ್ತಿಗಿ ಹಂಗ ಮಾಡಿದ್ದ."

"ಪಾಸ್ ಆದ್ನೇನು?" ವಾಮನರಾಯರು ಆಸೆಯಿಂದ ಕೇಳಿದರು.

"ಎತ್ತರದಾಗ ಪಾಸಾದ. ಆಮ್ಯಾಲ ಹೆಸರೇನಪಾ ಅಂತ ಕೇಳಿದ್ರು. ಅದು ನೆನಪಾಗ್ಲಿಲ್ಲ."

ಇಂದುಮತಿಯ ಕಣ್ಣು ಮಣೆಯ ಪಕ್ಕದಲ್ಲಿದ್ದ ಲಟ್ಟಣಿಗೆಯ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ವಾಮನರಾಯರು ಅದನ್ನು ಎತ್ತಿ ಅಟ್ಟದ ಮೇಲಿಟ್ಟರು.

ಕೊನೆಗೆ ದಾರಿ ತೋರಿಸಿದವರು ದಾಜಿಬಾ. ಮನುಷ್ಯ ಮಲಗಿ ಎದ್ದಾಗ ಉದ್ದವಾಗಿರುತ್ತಾನಂತೆ, ನಿಂತು ಕುಂತು ಓಡಾಡಿದಂತೆಲ್ಲ ಕುಗ್ಗುತ್ತಾನಂತೆ. "ಆದ್ದರಿಂದ ವಾಮನರಾವ್, ಈಗಿಂದೀಗ ಮಲಗ್ರಿ. ಅಳಿಯೂ ಕಂಬದ ಮುಂದನ ಏಳಬೇಕು. ನಡುವ ಒಂದು ಸಲ ಎದ್ದು ಕುಂತ್ರೂ ನನ್ನ ಜವಾಬ್ದಾರಿ ಇಲ್ಲ."

ವಾಮನರಾಯರು ಯೂನಿಫಾರ್ಮು, ಬೂಟು ಹಾಕಿಕೊಂಡೇ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದರು. ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಹೊಸದಾಗಿ ಬಂದವರು ಮೆಲ್ಲಗೆ, "ಯಾವಾಗ ಆತು?" ಎಂದು ಕೇಳುತ್ತಿದ್ದರು. ಊಟವೂ ಮಲಗಿದಲ್ಲೇ ಆಯಿತು. ಝುಣಕಾ ಭಾಕ್ರಿಯಲ್ಲಿ ಅರ್ಧ ಬಾಯಿಗೆ ಹೋಯಿತು, ಅರ್ಧ ಕಿವಿಗೆ. ಮಜ್ಜಿಗೆ ಎಲ್ಲಿಗೆ ಹೋಯಿತೆಂದು ಕಾಲರಿಗೆ ಮಾತ್ರ ಗೊತ್ತು.

ಊಟದ ಹೊತ್ತಿಗೆ ಸರ್ಜೇರಾವ್ ಬಂದ. ಅವನು ವಾಮನರಾಯರಿಗಿಂತಲೂ ಒಂದು ಬೆರಳು ಗಿಡ್ಡ. ಭರ್ತಿಯ ದಿನ ಅಳತೆಯವನು ಆಕಳಿಸುತ್ತಿದ್ದಾಗ ತುದಿಗಾಲ ಮೇಲೆ ನಿಂತು ಒಳಗೆ ಬಂದವನು.

"ಏ ವಾಮನ್ಯಾ, ಏಳೋ, ಸ್ಕೂಟರ್ ತಂದೀನಿ. ನನ್ನ ಹೆಸರಂತೂ ಹೊಡೀತಾರ, ಬಿಡು. ಸುಮ್ನ ಹೋಗಿ ಅಳಿಸಿಕೊಂಡು, ಬರೂವಾಗ ಮಿಸಳ್ ತಿಂದು ಬರೂಣು."

"ಸ್ಕೂಟರ್!" ದಾಜಿಬಾ ಕೂಗಿಕೊಂಡರು. "ಈ ರಸ್ತಾದಾಗ! ಹೆಡ್‌ಕ್ವಾರ್ಟರ್ ಮುಟ್ಟೂದ್ರಾಗ ಮನುಷ್ಯಾ ಅರ್ಧ ಉಳಿಯಾಂಗಿಲ್ಲ!"

ಸರ್ಜೇರಾವ್ ತಟ್ಟೆಯಲ್ಲಿ ಉಳಿದಿದ್ದ ಭಾಕ್ರಿ ತಿಂದು ಒಬ್ಬನೇ ಹೋದ.

ಆಮೇಲೆ ಗಾಡಿ ಹುಡುಕುವ ಕೆಲಸ. ರಿಕ್ಷಾದಲ್ಲಿ ಕಾಲು ಚಾಚುವಂತಿಲ್ಲ. ಟೆಂಪೋಗಳೆಲ್ಲ ದ್ರಾಕ್ಷಿ ಹೊತ್ತು ಹೋಗಿದ್ದವು. ಆಸ್ಪತ್ರೆಯ ಗಾಡಿಯವನು, ಜಡ್ಡು ಏನೆಂದು ಹೇಳದೆ ಬರುವುದಿಲ್ಲ ಎಂದ. ದಾಜಿಬಾ ಯಾರಿಗೋ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ಮನೆಯ ಮುಂದೆ ಗಾಜಿನ ಕಿಟಕಿಗಳ ಉದ್ದನೆಯ ಗಾಡಿಯೊಂದು ಬಂದು ನಿಂತಿತು. ಅದರ ಮೇಲೆ ಕೆಂಪಕ್ಷರದಲ್ಲಿ ‘ವೈಕುಂಠ ರಥ’ ಎಂದು ಬರೆದಿತ್ತು.

ಇಂದುಮತಿ ಎರಡೂ ಕೈಯಿಂದ ಮಂಗಳಸೂತ್ರ ಹಿಡಿದುಕೊಂಡಳು. "ಕಾಕಾ! ಹೆಣಾ ಒಯ್ಯೂ ಗಾಡಿ!"

"ಪುರಸಭೆ ಗಾಡಿ, ತಂಗಿ. ಇವತ್ತ ಖಾಲಿ ಐತಿ. ಡ್ರೈವರ್ ಮಹಾದೂ ನಮ್ಮಂವ. ಮನುಷ್ಯಾ ನೆಟ್ಟಗ ಮಲಗಲಿ ಅಂತನ ಮಾಡಿದ ಗಾಡಿ ಊರಾಗ ಇದೊಂದ."

ಇಂದುಮತಿ ಗಾಡಿಗೆ ಒಂದು ಸುತ್ತು ಬಂದಳು. ಆಮೇಲೆ ತಂಗಿಯ ಗಂಡನ ಸೋಫಾ ನೆನಪಾಗಿರಬೇಕು. "ಒಂದ ಶರತ್ತು," ಎಂದಳು. "ದಾರಿ ತುಂಬ ಕಣ್ಣು ತಗದ ಇರಬೇಕು. ಮುಚ್ಚೀರಿ ಅಂದ್ರ ನನ್ನಾಣಿ."

ಲೈನಿನ ನಾಲ್ಕು ಜನ ಚಾಪೆ ಸಮೇತ ವಾಮನರಾಯರನ್ನು ಎತ್ತಿ ಗಾಡಿಯಲ್ಲಿಟ್ಟರು. ಅಭ್ಯಾಸಬಲದಿಂದ ಒಬ್ಬ ಕೈಮುಗಿದ.

ಗಾಡಿ ಹೊರಟಿತು. ಎದುರು ಬಂದ ಸೈಕಲ್ಲುಗಳು ಇಳಿದು ನಿಂತವು. ಬಸ್ಸಿನ ಕಿಟಕಿಗಳಿಂದ ಕೈಗಳು ಹಣೆಗೆ ಹೋದವು. ಇಷ್ಟು ವರ್ಷ ಖಾಕಿ ಹಾಕಿಕೊಂಡು ನಡುರಸ್ತೆಯಲ್ಲಿ ನಿಂತು ಸೀಟಿ ಊದಿದಾಗಲೂ ಯಾರೂ ತಮಗೆ ಹೀಗೆ ದಾರಿ ಬಿಟ್ಟಿರಲಿಲ್ಲ ಎಂದು ವಾಮನರಾಯರಿಗೆ ತುಸು ಬೇಜಾರಾಯಿತು. ಹೊಟ್ಟೆ ತುಂಬಿತ್ತು, ಗಾಡಿ ತೂಗುತ್ತಿತ್ತು. ಆಣೆ ಮುರಿದು ಅವರು ನಿದ್ದೆ ಹೋದರು.

ಎಚ್ಚರವಾದಾಗ ಗಾಡಿ ರೈಲ್ವೆ ಗೇಟಿನಲ್ಲಿ ನಿಂತಿತ್ತು. ಸೆಕೆಗೆ ಮಹಾದೂ ಕಿಟಕಿ ಸರಿಸಿದ್ದ. ಚಹಾ ಮಾರುವವನೊಬ್ಬ ಕೆಟಲಿ ಹಿಡಿದು ಪಕ್ಕದಲ್ಲೇ ಹೋಗುತ್ತಿದ್ದ. ವಾಮನರಾಯರು ಮಲಗಿದಲ್ಲಿಂದಲೇ ಕೈ ಹೊರಗೆ ಚಾಚಿದರು.

"ಇಲ್ಲೊಂದು ಕಟಿಂಗ್ ಕೊಡಪಾ. ಸಕ್ರಿ ಕಮ್ಮಿ."

ಚಹಾದವನು ಕೈ ನೋಡಿದ. ಗಾಡಿ ನೋಡಿದ. ಗಾಡಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಆಮೇಲೆ ಕೆಟಲಿಯನ್ನು ಚೆಲ್ಲದ ಹಾಗೆ ನೆಲದ ಮೇಲಿಟ್ಟು, ಬಂದ ದಾರಿಯಲ್ಲೇ ಓಡತೊಡಗಿದ. ಚಪ್ಪಲಿ ಅಲ್ಲೇ ಉಳಿದವು. ಗೇಟು ತೆರೆಯುವವರೆಗೂ ಅವನು ತಿರುಗಿ ಬರಲಿಲ್ಲ. ಚಹಾವನ್ನು ಮಹಾದೂ ಕುಡಿದ. ಮಲಗಿದವರಿಗೆ ಬಿಸಿ ಚಹಾ ಹೇಗೆ ಕೊಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

ಹೆಡ್‌ಕ್ವಾರ್ಟರಿನ ಬಾಗಿಲಲ್ಲಿ ಪಹರೆಗೆ ನಿಂತಿದ್ದವನು ವಾಮನರಾಯರ ಗುರುತಿನವನು. ಅವನನ್ನು ಕಂಡೊಡನೆ ವಾಮನರಾಯರಿಗೆ ನಾಚಿಕೆಯಾಯಿತು. ಕಣ್ಣು ಬಿಟ್ಟಿದ್ದರೆ ನೂರು ಪ್ರಶ್ನೆ ಕೇಳುತ್ತಾನೆ ಎಂದು ಗಟ್ಟಿಯಾಗಿ ಮುಚ್ಚಿಕೊಂಡರು. ಅವನು ಗಾಜಿನೊಳಗೆ ಇಣುಕಿದ, ಟೋಪಿ ತೆಗೆದ, "ಅಯ್ಯೋ, ಕರಂಜವಾಡಿ ಚೌಗುಲೆ ಹೋದ್ರಲೋ!" ಎಂದು ಮೈದಾನದ ಕಡೆಗೆ ಕೂಗಿದ.

ಶೇಂಗಾ ತರಲು ಹೋಗಿದ್ದ ಸರ್ಜೇರಾವ್ ಒಬ್ಬನನ್ನು ಬಿಟ್ಟು ಅಳತೆಗೆ ಬಂದಿದ್ದ ಹವಾಲ್ದಾರರೆಲ್ಲ ಗಾಡಿಯ ಸುತ್ತ ಸೇರಿದರು. ಈಗ ಕಣ್ಣು ತೆರೆಯುವುದು ಇನ್ನೂ ಕಷ್ಟವಾಯಿತು.

"ಬಾಳ ಚೊಲೊ ಮನುಷ್ಯಾ," ಎಂದಿತು ಒಂದು ದನಿ. "ಯಾರಿಗೂ ಎದರ ಮಾತಾಡಿದವರಲ್ಲ."

"ಮಾತಾಡಿದ್ರ ಯಾರು ಕೇಳ್ತಿದ್ರು," ಎಂದಿತು ಇನ್ನೊಂದು.

"ಹೋದ ಮಳಿಗಾಲದಾಗ ನನ್ನ ಛತ್ರಿ ಒಯ್ದಿದ್ರು. ಇನ್ನ ಮರತಬಿಡಬೇಕಷ್ಟ."

ಆಮೇಲೆ ಮೊದಲಿನ ದನಿಯೇ ಮೆಲ್ಲಗೆ ಕೇಳಿತು: "ಅಂದ್ರ ಬಡ್ತಿಗಿ ನಾವೆಲ್ಲಾ ಒಂದೊಂದು ನಂಬರ್ ಮ್ಯಾಲ ಬಂದ್ವೇನು?"

"ಛತ್ರಿ ಮನ್ಯಾಗೈತಿ, ನಾಳೆ ಕಳಸ್ತೀನಿ," ಎಂದರು ವಾಮನರಾಯರು.

ಜನ ಚದುರಿದ್ದನ್ನು ನೋಡಿಕೊಂಡು ಮಹಾದೂ ಗಾಡಿಯನ್ನು ಹಿಂದಕ್ಕೆ ತೆಗೆದು ನೇರ ಅಳತೆಯ ಕಂಬದ ಬುಡಕ್ಕೆ ತಂದು ನಿಲ್ಲಿಸಿದ. ಕಂಬದ ಪಕ್ಕ ಮೀಸೆಯ ಇನ್‌ಸ್ಪೆಕ್ಟರ್ ಜಗದಾಳೆ ಸಾಹೇಬರು ಕೂತಿದ್ದರು. ಮೂವತ್ತು ವರ್ಷ ಪರೇಡ್ ಕಲಿಸಿದವರು, ಯಾವುದಕ್ಕೂ ಬೆರಗಾಗುವ ಅಭ್ಯಾಸ ಬಿಟ್ಟಿದ್ದರು. ವೈಕುಂಠ ರಥದಿಂದ ಒಬ್ಬ ಹವಾಲ್ದಾರ ಬೂಟು ಸಮೇತ ಇಳಿದದ್ದನ್ನು ನೋಡಿ, "ಬೂಟ್ ಬಿಚ್ರಿ," ಎಂದಷ್ಟೇ ಹೇಳಿದರು.

ವಾಮನರಾಯರು ಉಸಿರು ಹಿಡಿದು ನಿಂತರು. ಅಡ್ಡಪಟ್ಟಿ ತಲೆಯ ಮೇಲೆ ಬಂದು ಕೂತಿತು.

"ನೂರಾ ಅರವತ್ತೈದು. ಮ್ಯಾಲ ಕೂದಲೆಳಿಯಷ್ಟು ಹೆಚ್ಚ ಐತಿ. ಬಲಗಡೆ ನಿಂದರ್ರಿ."

ವಾಮನರಾಯರಿಗೆ ಸೋಫಾ ಕಾಣಿಸಿತು. ಅದರ ಮೇಲೆ ತಾವು, ಪಕ್ಕದಲ್ಲಿ ಇಂದುಮತಿ, ದೂರದಲ್ಲಿ ಸೀಟಿ ಹಿಡಿದ ಅರಣ್ಯ ಇಲಾಖೆ. ಎದೆ ಸೆಟೆಸಿ ಬಲಗಡೆಯ ಬಿಸಿಲಿನಲ್ಲಿ ನಿಂತರು. ಸರ್ಜೇರಾವ್ ಕಂಬದ ಕೆಳಗೆ ಆರಾಮಾಗಿ ನಿಂತ, ಅಡ್ಡಪಟ್ಟಿ ಅವನ ತಲೆಗೆ ಮುಟ್ಟಲು ಇನ್ನೂ ಒಂದು ಬೆರಳು ಕೆಳಗಿಳಿಯಬೇಕಾಯಿತು. ಅವನನ್ನು ಎಡಗಡೆಗೆ ಕಳಿಸಿದರು. ಅಲ್ಲಿ ಬೇವಿನ ಮರದ ನೆರಳಿನಲ್ಲಿ ಏಳೆಂಟು ಜನ ಗಿಡ್ಡ ಹವಾಲ್ದಾರರು ಶೇಂಗಾ ತಿನ್ನುತ್ತಿದ್ದರು. ಗೆಳೆಯನ ಬಗ್ಗೆ ವಾಮನರಾಯರ ಮನಸ್ಸು ಕರಗಿತು. ನಕ್ಷತ್ರ ಬಂದ ಮೇಲೂ ಅವನು ತಮ್ಮನ್ನು ಏಕವಚನದಲ್ಲೇ ಕರೆಯಲು ಬಿಡಬೇಕೆಂದು ನಿರ್ಧರಿಸಿದರು.

ಎಲ್ಲರ ಅಳತೆ ಮುಗಿದ ಮೇಲೆ ಜಗದಾಳೆ ಸಾಹೇಬರು ಎದ್ದು ನಿಂತರು.

"ಎಡಗಡೆಯವರು ಕೇಳ್ರಿ. ನಿಮ್ಮ ಬಡ್ತಿ ಇವತ್ತಿಂದನ ಜಾರಿ. ಸಾಹೇಬ್ರ ಸಹಿ ಆಗೇತಿ. ನಾಳೆಯಿಂದ ನಕ್ಷತ್ರ ಹಚ್ಚಿಕೊಳ್ರಿ."

ಬೇವಿನ ಮರದ ಕೆಳಗೆ ಶೇಂಗಾ ಅಗಿಯುವ ಸದ್ದು ನಿಂತಿತು.

"ಬಲಗಡೆಯವರು. ಈ ವರ್ಷ ರಾಜ್ಯದ ಪರೇಡಿಗಿ ನಮ್ಮ ಜಿಲ್ಲಾದ ತುಕಡಿ ಹೋಗಬೇಕು. ತುಕಡಿಗಿ ಬೇಕಾದವರು ಹವಾಲ್ದಾರರು, ನೂರಾ ಅರವತ್ತೈದಕ್ಕ ಕಮ್ಮಿ ಇರಬಾರದು. ನಿಮಗ ನಕ್ಷತ್ರ ಕೊಟ್ರ ನೀವು ಹವಾಲ್ದಾರರಾಗಿ ಉಳಿಯಾಂಗಿಲ್ಲ. ಅದಕ್ಕ ನಿಮ್ಮ ಬಡ್ತಿ ಮುಂದಿನ ವರ್ಷಕ್ಕ. ನಾಳೆ ಬೆಳಕು ಹರಿಯೂದ್ರಾಗ ಮೈದಾನದಾಗ ಇರಬೇಕು."

ವಾಮನರಾಯರು ಒಂದು ಹೆಜ್ಜೆ ಮುಂದೆ ಬಂದರು. "ಸಾಹೇಬ್ರ, ಮುಂದಿನ ವರ್ಷ ನನ್ನ ವಯಸ್ಸು ಮೀರತೈತ್ರಿ."

"ಹೌದಲ್ಲ," ಎಂದರು ಜಗದಾಳೆ ಸಾಹೇಬರು ನಿಜವಾದ ಮರುಕದಿಂದ. "ಪಾಪ. ನಿಯಮ ಹಂಗ ಐತಿ."

"ಸಾಹೇಬ್ರ, ಖರೇ ಹೇಳ್ತೀನ್ರಿ. ನಾ ಅಷ್ಟು ಎತ್ತರ ಇಲ್ರಿ. ಅರ್ಧ ಸೆಂಟಿಮೀಟರ್ ಗಿಡ್ಡ ಅದೀನಿ. ಸಂಜೀತನಕ ನಿಂದರ್ತೀನಿ, ಓಡಾಡ್ತೀನಿ, ಇನ್ನೊಮ್ಮೆ ಅಳೀರಿ."

"ಮತ್ತ ಈಗ ಹೆಂಗ ಎತ್ತರ ಬಂತು?"

"ಮಲಗಿ ಬಂದೀನ್ರಿ."

ಜಗದಾಳೆ ಸಾಹೇಬರು ಮೀಸೆ ತೀಡಿದರು. "ಅಂದ್ರ ಸರಕಾರದ ಅಳತಿಗಿ ಮೋಸ ಮಾಡೀನಿ ಅಂತ ಬರಕೊಡ್ತೀರಿ? ಇಲಾಖೆ ಚೌಕಶಿ ಕುಂದರಸ್ತೀನಿ. ಚೌಕಶಿ ಮುಗಿಯೂತನಕ ಬಡ್ತಿ ಅಂತೂ ಇಲ್ಲ, ಪೆನ್ಶನ್ನೂ ನಿಂದರತೈತಿ. ಎತ್ತರ ಅದೀರೋ, ಗಿಡ್ಡ ಅದೀರೋ? ಲಗೂ ಹೇಳ್ರಿ."

"ಎತ್ತರ ಅದೀನ್ರಿ," ಎಂದರು ವಾಮನರಾಯರು ಬಹಳ ಸಣ್ಣ ದನಿಯಲ್ಲಿ.

ವೈಕುಂಠ ರಥ ಆಗಲೇ ಹೊರಟುಹೋಗಿತ್ತು. ಯಾರೋ ನಿಜವಾಗಿ ತೀರಿಕೊಂಡಿದ್ದರಂತೆ. ಬೇವಿನ ಮರದ ಕಡೆಯಿಂದ ಸರ್ಜೇರಾವ್ ಶೇಂಗಾ ಸಿಪ್ಪೆ ಝಾಡಿಸಿಕೊಳ್ಳುತ್ತ ಬಂದ. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ನಿಯಮ ನಿಯಮವೇ. ವಾಮನರಾಯರು ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಗೆಳೆಯನಿಗೆ ಸಲಾಮು ಹೊಡೆದರು.

"ಹಾಂ!" ಹಿಂದಿನಿಂದ ಜಗದಾಳೆ ಸಾಹೇಬರ ಕೂಗು ಬಂತು. "ಹಂಗ! ಹಂಗ ನೆಟ್ಟಗ ನಿಂದರ್ರಿ ಚೌಗುಲೆ! ಮುಂದಿನ ಸಾಲು ನಿಮ್ಮದ!"