ಹೊಗೆಯಿಲ್ಲದ ಬಂಬ

ಕಾವು ದಂಡವಾಗುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಕೆಲವರಿಗೆ ಹಗಲು ಹೊತ್ತು ದೀಪ ಉರಿದರೆ ಸಂಕಟ, ಕೆಲವರಿಗೆ ನಳದಲ್ಲಿ ನೀರು ತೊಟ್ಟಿಕ್ಕಿದರೆ ನಿದ್ದೆ ಬರುವುದಿಲ್ಲ. ನನ್ನದು ಕಾವಿನ ರೋಗ. ಚಹಾ ಬಂದ ಕೂಡಲೇ ಕಪ್ಪಿನ ಮೇಲೆ ಬಶಿ ಮುಚ್ಚುತ್ತೇನೆ. ರೊಟ್ಟಿ ಮುಗಿದ ಮೇಲೂ ಹಂಚು ಕಾದೇ ಇರುತ್ತದಲ್ಲ, ಅದರ ಮೇಲೆ ನಾಲ್ಕು ಶೇಂಗಾ ಹುರಿದುಕೊಳ್ಳಬಾರದೇ ಎಂದು ಹೆಂಡತಿಗೆ ಸೂಚಿಸುತ್ತೇನೆ. "ನಿಮ್ಮ ತಲಿನೂ ಭಾಳ ಕಾದೈತಿ, ಅದರ ಮ್ಯಾಲೆ ಹುರೀಲೇನ್ರಿ?" ಎಂದು ಪಾರ್ವತಿ ಕೇಳುತ್ತಾಳೆ. ನಾನು ಬಶಿ ಮುಚ್ಚಿದ ಕಪ್ಪನ್ನು ಎತ್ತಿಕೊಂಡು ಅಂಗಳಕ್ಕೆ ಹೋಗುತ್ತೇನೆ.

ಈ ರೋಗ ನನಗೆ ಅಂಟಿದ್ದು ಇಚಲಕರಂಜಿಯಲ್ಲಿ, ನೌಕರಿಯ ಜಾಗದಲ್ಲಿ. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕಿ ಒಣಗಿಸುವ ಸೈಜಿಂಗ್ ಕಾರಖಾನೆಯದು. ಗಂಜಿ ಕುದಿಸುವುದಕ್ಕೆ ಅಲ್ಲೊಂದು ದೊಡ್ಡ ಬಾಯ್ಲರ್. ಅದರ ಗೋಡೆಗೆ ಹತ್ತಿದ ಕೋಣೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಮಾಲೀಕರು ಬೆಳಿಗ್ಗೆ ಬಂದವರೇ ಚಿಮಣಿಯ ಕಡೆ ಮುಖ ಎತ್ತಿ, "ನೋಡ್ರಿ, ನಮ್ಮ ರೊಕ್ಕ ಹೆಂಗ ಮುಗಲಿಗೆ ಹೊಂಟೈತಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ವರ್ಷಗಟ್ಟಲೆ ಆ ನಿಟ್ಟುಸಿರು ಕೇಳಿ ಕೇಳಿ ನನಗೆ ಬಾಯ್ಲರಿನ ವಿದ್ಯೆ ಪೂರ್ತಿ ಬಂದುಬಿಟ್ಟಿದೆ ಎಂದು ನಾನು ತಿಳಿದೆ. ಪೂಜಾರಿಯ ಪಕ್ಕದ ಮನೆಯವನು ತನಗೂ ಮಂತ್ರ ಬರುತ್ತದೆ ಎಂದು ತಿಳಿದ ಹಾಗೆ. ಬಾಯ್ಲರಿಗೆ ಗಾಳಿ ಎಲ್ಲಿಂದ ಹೋಗುತ್ತದೆ, ಚಿಮಣಿ ಅಷ್ಟು ಎತ್ತರ ಯಾಕಿದೆ ಎಂದು ಒಂದು ದಿನವೂ ಒಳಗೆ ಹೋಗಿ ನೋಡಿದವನಲ್ಲ.

ನಮ್ಮ ಮನೆಯ ಬಾಯ್ಲರ್ ಎಂದರೆ ಬಂಬ. ಆಳೆತ್ತರದ ಅರ್ಧದಷ್ಟು ತಾಮ್ರದ ಹಂಡೆ, ನಡುವೆ ಕೊಳವೆ. ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು, ಕೆಳಗೆ ನೀರು ಬಿಡುವ ತೋಟಿ, ಮೇಲೆ ಗಿಡ್ಡ ಚಿಮಣಿ. ಪಾರ್ವತಿಯ ತವರು ಮುರಗೂಡ. ಮದುವೆಯಲ್ಲಿ ಆಕೆಯ ಜೊತೆಗೇ ಬಂದದ್ದು ಅದು, ಇಬ್ಬರಲ್ಲಿ ಬೇಗ ಕಾಯುವುದು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಿತ್ತಲಲ್ಲಿ ಗೋಣಿತಟ್ಟಿನ ಮರೆಯಲ್ಲಿ ಅದು ನಿಂತಿತ್ತು. ಅಲ್ಲೇ ನಮ್ಮ ಜಳಕ. ಹೊಗೆ ತನಗೆ ಬೇಕಾದ ಕಡೆ ಹೋಗುತ್ತಿತ್ತು. ಮಗಳು ನೀಲಾಳನ್ನು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಸ್ಥರ ಮನೆಗೆ ಕೊಟ್ಟ ಮೇಲೆ ಪಾರ್ವತಿ ಪಟ್ಟು ಹಿಡಿದಳು: "ಅಳಿಯಾರು ಮೊದಲನೇ ದೀಪಾವಳಿಗೆ ಬರತಾರ. ಅವರನ್ನ ತಟ್ಟಿನ ಹಿಂದ ಕುಂಡ್ರಿಸಿ ಜಳಕಾ ಮಾಡಸ್ತೀರೇನು?"

ಹೀಗೆ ಬಚ್ಚಲುಮನೆ ಎದ್ದಿತು. ಒಂದು ಕಿಟಕಿ, ಬಂಬದ ಹೊಗೆ ಹೊರಗೆ ಹೋಗಲು ಗೋಡೆಯಲ್ಲೊಂದು ತೂತು ಇರಬೇಕು ಎಂದು ಎಲ್ಲರೂ ಹೇಳಿದರು. ನಾನು ನಕ್ಕೆ. ಅಷ್ಟು ತೂತು ಇಟ್ಟ ಮೇಲೆ ಕಾವು ಒಳಗೆ ನಿಲ್ಲಲು ಅದೇನು ನೆಂಟನೇ? ನನ್ನ ತರ್ಕ ಬಹಳ ಸರಳವಾಗಿತ್ತು. ಕಟ್ಟಿಗೆ ಬಿಟ್ಟು ಇದ್ದಲಿ ಉರಿಸುವುದು. ಇದ್ದಲಿಗೆ ಹೊಗೆಯಿಲ್ಲ. ಹೊಗೆಯೇ ಇಲ್ಲದ ಮೇಲೆ ಹೊಗೆಗೆ ದಾರಿ ಯಾಕೆ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಹಿರಿಯರು ಹೇಳಿದ್ದರು. ಹೊಗೆಯಿಲ್ಲದೆ ಬೆಂಕಿಯನ್ನು ಆಡಿಸಿದವನು ನಾನೇ ಮೊದಲಿಗ ಎಂಬ ಹೆಮ್ಮೆ ನನಗೆ. ಕಿಟಕಿಯ ಜಾಗಕ್ಕೆ ಇಟ್ಟಿಗೆ ಕಟ್ಟಿಸಿದೆ. ಬಾಗಿಲಿನ ಸಂದಿಗೆಲ್ಲ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಡಿದೆ. ಚಿಮಣಿಯ ಬಾಯಿಗೆ ತಗಡಿನ ಮುಚ್ಚಳ ಹಾಕಿ ಬೆರಳು ಹೋಗುವಷ್ಟು ಸಂದಿ ಬಿಟ್ಟೆ. ನಿಜ ಹೇಳಬೇಕೆಂದರೆ ಫಲ ಅದ್ಭುತವಾಗಿತ್ತು. ಅರ್ಧ ಬುಟ್ಟಿ ಇದ್ದಲಿಯಲ್ಲಿ ಕೆಲಸ ಮುಗಿಯುತ್ತಿತ್ತು, ಮಧ್ಯಾಹ್ನದವರೆಗೂ ನೀರು ಕೈಸುಡುತ್ತಿತ್ತು. ಪಕ್ಕದ ಮನೆಯ ಮರಾಠಿ ಮಾತಿನ ಸುಮನ ಕಾಕುವನ್ನು ಕರೆದು ತೋರಿಸಿದೆ. ಆಕೆ "ಭಾರೀಚ ಹೋ!" ಎಂದು ಬೆರಗಾಗಿ, ಬೆವರು ಒರೆಸಿಕೊಂಡು ಹೊರಗೆ ಬಂದರು.

ಪಾರ್ವತಿಯೊಬ್ಬಳದೇ ತಕರಾರು. "ಜಳಕಾ ಮಾಡಿದ್ರ ತಲಿ ಗಿರ್ರ್ ಅಂತೈತ್ರಿ. ವಾಂತಿ ಬಂದಂಗ ಆಗತೈತಿ." ಪಿತ್ತ ಎಂದು ನಾನು ನಿದಾನ ಮಾಡಿದೆ. ಅಂಗಳದಲ್ಲಿ ಕೂಡಿಸಿ ಲಿಂಬೆಹಣ್ಣಿನ ಶರಬತ್ತು ಕುಡಿಸುತ್ತಿದ್ದೆ, ಸ್ವಲ್ಪ ಹೊತ್ತಿಗೆ ಆಕೆ ಆರಾಮಾಗುತ್ತಿದ್ದಳು. ಅಂಗಳದ ಗಾಳಿಗೆ ಹೋಗಬೇಕಾದ ಕೀರ್ತಿ ಲಿಂಬೆಹಣ್ಣಿಗೆ ಹೋಯಿತು. ನನಗೇಕೆ ತಲೆ ತಿರುಗಲಿಲ್ಲ ಎಂದು ನೀವು ಕೇಳಬಹುದು. ಕಾರಖಾನೆಯಲ್ಲಿ ಬಿಸಿನೀರು ಪುಕ್ಕಟೆ ಸಿಗುತ್ತಿರುವಾಗ ಮನೆಯ ಇದ್ದಲಿ ಖರ್ಚು ಮಾಡುವಷ್ಟು ದಡ್ಡನೇ ನಾನು? ನನ್ನ ಬಚ್ಚಲುಮನೆಯಲ್ಲಿ ನಾನು ಒಮ್ಮೆಯೂ ಜಳಕ ಮಾಡಿರಲಿಲ್ಲ.

ದೀಪಾವಳಿ ಬಂತು, ನೀಲಾಳ ಜೊತೆ ಅಳಿಯನೂ ಬಂದರು. ಬಸವರಾಜ ಬಹಳ ಸಾಧು ಮನುಷ್ಯ. ಯಾವುದಕ್ಕೂ "ಹೂಂ" ಎನ್ನುವವರು. ಪಲ್ಯಕ್ಕೆ ಉಪ್ಪು ಮರೆತಿದ್ದರೂ "ಚಲೋ ಆಗೈತಿ" ಎಂದು ಇನ್ನೊಮ್ಮೆ ಹಾಕಿಸಿಕೊಂಡರು. ನಮ್ಮ ಕಡೆ ಒಂದು ರೂಢಿಯಿದೆ. ಮೊದಲ ದೀಪಾವಳಿಗೆ ಬಂದ ಅಳಿಯ ಮುನಿಸಿಕೊಳ್ಳಬೇಕು. ಮಾತಾಡಬಾರದು, ತಾಟಿಗೆ ಕೈ ಹಾಕಬಾರದು. ಮಾವ ಒಂದೊಂದೇ ಉಡುಗೊರೆಯ ಹೆಸರು ಹೇಳಿ ಓಲೈಸಬೇಕು. ಮನೆಮಂದಿಗೆಲ್ಲ ಅದೊಂದು ಆಟ. ಪಾರ್ವತಿ ಹುಪರಿಯಿಂದ ಬೆಳ್ಳಿಯ ಉಂಗುರ ತರಿಸಿ ಇಟ್ಟಿದ್ದಳು. ಈ ಸಾಧು ಮನುಷ್ಯ ಮುನಿಸಿಕೊಳ್ಳುವವನಲ್ಲ, ಉಂಗುರ ಪೆಟ್ಟಿಗೆಯಲ್ಲೇ ಉಳಿದೀತು ಎಂದು ನನಗೊಂದು ಆಸೆ.

ನಸುಕಿನಲ್ಲಿ ಎಣ್ಣೆ ಹಚ್ಚಿ, ಆರತಿ ಮಾಡಿ, ಅಳಿಯನನ್ನು ಒಳಗೆ ಕಳಿಸಿದೆವು. ಬಂಬಕ್ಕೆ ಆವತ್ತು ಧಾರಾಳವಾಗಿ ಇದ್ದಲಿ ತುಂಬಿದ್ದೆ. "ಬಾಗಲಾ ಗಟ್ಟಿ ಹಾಕ್ಕೋರಿ ಅಳಿಯಾರ, ಕಾವು ಹೋಗಬಾರದು" ಎಂದು ಕೂಗಿದೆ. "ಹೂಂ ರೀ" ಎಂದರು. ನೀರು ಸುರಿದುಕೊಳ್ಳುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ಆಮೇಲೆ ತಂಬಿಗೆ ಬಿದ್ದ ಸಪ್ಪಳ. ಆಮೇಲೆ ಏನೂ ಇಲ್ಲ.

"ನೀರು ಸಾಕಾದೂವೇನ್ರಿ?" ಎಂದೆ. ಉತ್ತರವಿಲ್ಲ. ಹಬ್ಬದ ತಿಂಡಿ ಫರಾಳದ ತಾಟು ಹಿಡಿದು ಬಂದಿದ್ದ ಸುಮನ ಕಾಕು ಚಪ್ಪಾಳೆ ತಟ್ಟಿದರು. "ಜಾವಯಿ ರುಸಲೇ! ಅಹೋ, ಜಾವಯಿ ರುಸಲೇ!" ಮುನಿಸು ಶುರುವಾಯಿತು ಎಂದು ಎಲ್ಲರಿಗೂ ಖುಷಿ. ನೀಲಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಸಣ್ಣದರಿಂದ ಶುರು ಮಾಡಿದೆ. "ಅಂಗಿ ಅರಿವಿ ಕೊಡಸ್ತೇನ್ರಿ." ಮೌನ. "ಉಂಗುರ ರೀ, ಹುಪರಿದು!" ಮೌನ. "ವಾಢವಾ, ವಾಢವಾ!" ಎಂದು ಕಾಕು ಏಲಂ ಏರಿಸಿದರು. ಕೈಗಡಿಯಾರ ಎಂದೆ, ಸೈಕಲ್ ಎಂದೆ. ಒಳಗೆ ಕೆಮ್ಮೂ ಇಲ್ಲ. ನನಗೆ ಸಿಟ್ಟು ಬಂತು. ಬಾಯಿ ಬಿಡದೇ ಇಷ್ಟು ದರ ಏರಿಸುತ್ತಾನಲ್ಲ, ಬೆಲ್ಲದ ವ್ಯಾಪಾರಿ ಸುಮ್ಮನೆ ಆಗಿಲ್ಲ ಎಂದುಕೊಂಡೆ. ಮಾನದ ಪ್ರಶ್ನೆ. ಓಣಿಯ ಮಂದಿಯೆಲ್ಲ ಕೂಡಿದ್ದರು. "ಸ್ಕೂಟರ್!" ಎಂದುಬಿಟ್ಟೆ.

ಅಡುಗೆಮನೆಯಿಂದ ಪಾರ್ವತಿ ಓಡಿ ಬಂದಳು. ಸ್ಕೂಟರ್ ಕೇಳಿ ಬಂದಳೆಂದು ನಾನು ತಿಳಿದೆ. "ಅವರು ಯಾತಕ್ಕೂ ಹೂಂ ಅನ್ನಾವ್ರು. ಸ್ಕೂಟರಿಗೂ ಹೂಂ ಅನವಲ್ರಂದ್ರ ಇದು ಮುನಿಸಲ್ರೀ! ನನಗ ದಿನಾ ಅದರಾಗ ಹಿಂಗ ಆಗತೈತಿ!" ಎಂದು ಬಾಗಿಲಿಗೆ ಹೆಗಲು ಕೊಟ್ಟಳು.

ನೀಲಾಳ ನಗು ನಿಂತಿತು. ಆ ಮುಖವನ್ನು ನಾನು ನೋಡಲಾರದೆ ಹೋದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರದ ಮಗಳ ಬಾಳನ್ನು ನಾನೇ ನನ್ನ ಕೈಯಾರೆ ಸಂದಿಯಿಲ್ಲದ ಹಾಗೆ ಮುಚ್ಚಿಬಿಟ್ಟೆನೇ ಎಂದು ಎದೆ ಒಡೆಯಿತು. ಮೂವರೂ ಸೇರಿ ನೂಕಿದೆವು. ಚಿಲಕ ಕಿತ್ತು ಬಂತು. ಅಂಗಡಿಯಲ್ಲಿದ್ದ ಚಿಲಕಗಳಲ್ಲೆಲ್ಲ ಅಗ್ಗದ್ದನ್ನು ಆರಿಸಿ ತಂದಿದ್ದೆ. ಆ ದಿನ ನನ್ನಿಂದಾದ ಉಪಕಾರ ಅದೊಂದೇ.

ಅಳಿಯ ಬಂಬದ ಪಕ್ಕದಲ್ಲಿ ಮೈಗೆ ಸಾಬೂನಿನ ನೊರೆ ಹಚ್ಚಿಕೊಂಡೇ ಒರಗಿದ್ದರು. ಬಂಬ ಮಾತ್ರ ಕೆಂಪಗೆ, ಹೊಗೆಯಿಲ್ಲದೆ, ಬಹಳ ಚೆನ್ನಾಗಿ ಉರಿಯುತ್ತಿತ್ತು. ಎಳೆದು ಅಂಗಳಕ್ಕೆ ತಂದೆವು. ನೀಲಾ ಕೆನ್ನೆ ತಟ್ಟಿ ತಟ್ಟಿ ಕರೆದಳು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟರು. ನಾನು ಅಳುತ್ತಾ ಅವರ ಕೈ ಹಿಡಿದು, "ಏನ ಬೇಕ ಕೇಳ್ರಿ ಅಳಿಯಾರ, ಏನ ಕೇಳಿದ್ರೂ ಕೊಡತೇನಿ" ಎಂದೆ. ಮುಖದ ಮೇಲೆ ಬಾಗಿದ್ದ ಇಡೀ ಓಣಿಯನ್ನು ಒಮ್ಮೆ ನೋಡಿ ಅವರು ಮೆಲ್ಲಗೆ ಹೇಳಿದರು: "ಸ್ವಲ್ಪ ಸರೀರಿ ಮಾವಾರ. ಗಾಳಿ ಬರಲಿ."

ಡಾಕ್ಟರು ಬಂದು ನೋಡಿ, ಜೀವಕ್ಕೆ ಅಪಾಯವಿಲ್ಲ ಎಂದರು. ಆಮೇಲೆ ಬಚ್ಚಲುಮನೆ ನೋಡಿ ನನ್ನನ್ನೂ ನೋಡಿದರು. "ಇದ್ದಲಿಗೆ ಹೊಗಿ ಇಲ್ಲ, ಖರೆ. ಆದ್ರ ಗಾಳಿ ಸಾಲದಿದ್ರ ಕಣ್ಣಿಗೆ ಕಾಣದ ವಿಷ ಬಿಡತೈತಿ. ಬೆಂಕಿಗೂ ಉಸುರು ಬೇಕ್ರಿ. ಒಂದ ಖೋಲ್ಯಾಗ ಬೆಂಕಿನ್ನೂ ಮನುಷ್ಯಾನ್ನೂ ಕೂಡಿ ಹಾಕಿದ್ರ ಮೊದಲ ಉಣ್ಣೂದು ಬೆಂಕಿ." ಹಬ್ಬ ಮುಗಿಯುವ ಮೊದಲೇ ಇಟ್ಟಿಗೆ ಕಿತ್ತು ಕಿಟಕಿ ಬಿಡಿಸಿದೆ. ಬಾಗಿಲ ಕೆಳಗೆ ಗಾಳಿ ಬರಲು ಸಂದಿ, ಚಿಮಣಿಯಿಂದ ಮಾಳಿಗೆಯ ಮೇಲಕ್ಕೆ ಹೋಗುವ ಕೊಳವೆ. ಉಂಗುರವನ್ನು ನಾನೇ ಅಳಿಯನ ಬೆರಳಿಗೆ ತೊಡಿಸಿದೆ. ಏಲಮಿನ ಒಂದು ಮಾತೂ ಅವರಿಗೆ ಕೇಳಿಸಿರಲಿಲ್ಲ. ಆದರೆ ಕಾಕುವಿಗೆ ಎಲ್ಲವೂ ಬಾಯಿಪಾಠ. ಇವತ್ತಿಗೂ ಓಣಿಯಲ್ಲಿ ಸ್ಕೂಟರ್ ಹೋದರೆ ಆಕೆ ನನ್ನ ಮನೆಯ ಕಡೆ ನೋಡುತ್ತಾರೆ.

ಪಾರ್ವತಿ ಆಮೇಲೆ ಒಂದು ಕಾನೂನು ಮಾಡಿದಳು. ಬಂಬ ಹೊತ್ತಿಸಿದವರದೇ ಮೊದಲ ಜಳಕ. ನನ್ನ ಕಾರಖಾನೆಯ ಪುಕ್ಕಟೆ ನೀರು ಬಂದ್ ಆಯಿತು. ನಾನು ಒಳಗಿರುವಷ್ಟು ಹೊತ್ತು ಆಕೆ ಹೊರಗೆ ನಿಂತು "ಅದೀರಿ?" ಎಂದು ಕೇಳುತ್ತಾಳೆ, ನಾನು "ಹೂಂ" ಎನ್ನಬೇಕು. ಮೊನ್ನೆ ಪಲ್ಯಕ್ಕೆ ಉಪ್ಪಿಲ್ಲವೆಂದು ನಿಜವಾಗಿಯೇ ಸಿಟ್ಟು ಬಂದಿತ್ತು. ಒಳಗೆ ಕುಳಿತು ಬೇಕೆಂದೇ ಹೂಂ ಎನ್ನಲಿಲ್ಲ. ಉಂಗುರ ಬೇಡ, ಅಂಗಿಯ ಬಟ್ಟೆಯ ಮಾತಾದರೂ ಬಂದೀತು ಎಂದು ಕಾದೆ. ಮಾತು ಬರಲಿಲ್ಲ, ಬಾಗಿಲೇ ಒಳಗೆ ಬಂತು. ಹೊರಗೆ ಫರಾಳದ ತಾಟು ಹಿಡಿದು ಸುಮನ ಕಾಕು ನಿಂತಿದ್ದರು. ನನ್ನ ಮೈಮೇಲೆ ಸಾಬೂನಿನ ನೊರೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಚಿಲಕ ಇನ್ನೂ ಅದೇ ಅಗ್ಗದ್ದು.