ಎಪ್ಪತ್ತು ದಾಟಿದರೆ ನಡುಗುವ ಕಾರು

"ತಗಡೂರಿಗೆ ಹೀಗೇ ಹೋದರೆ ಆಗುತ್ತಾ?"

"ಆಯ್ತದೆ," ಅಂದರು ಮೋರಿ ಕಟ್ಟೆಯ ಮೇಲೆ ಕೂತಿದ್ದ ಯಜಮಾನರು. "ನಡ್ಕೊಂಡ್ ಓದ್ರೆ ಆಯ್ತದೆ. ಇದಕ್ಕೆ ಆಗಾಕಿಲ್ಲ." ಇದು ಅಂದರೆ ನನ್ನ ಕಾರು. "ಮುಂದೆ ನಾಲೆ ಅಡ್ಡ ಬತ್ತದೆ. ಮೇನ್ ರೋಡಲ್ಲೇ ಇದ್ರಲ್ಲ ತಾಯಿ, ಅದನ್ಯಾಕ್ ಬುಟ್ಟು ಬಂದ್ರಿ?"

"ಎಪ್ಪತ್ತು ದಾಟಿದರೆ ಕಾರು ನಡುಗುತ್ತೆ. ಸ್ಟೇರಿಂಗ್ ಹಿಡಿಯೋಕೆ ಆಗಲ್ಲ. ಅದಕ್ಕೇ ಸಣ್ಣ ರಸ್ತೆಗೆ ಬಂದೆ."

ಅವರು ಬೀಡಿ ಆರಿಸಿ ಯೋಚಿಸಿದರು. "ಅರವತ್ತರಲ್ಲಿ ಓದ್ರೆ?"

"ಆಗ ನಡುಗಲ್ಲ."

"ಮತ್ತೆ ಮೇನ್ ರೋಡಲ್ಲೇ ಅರವತ್ತರಲ್ಲಿ ಓಗಿ. ಯಾರಾದ್ರೂ ಬ್ಯಾಡ ಅಂದ್ರಾ?"

ಬ್ಯಾಡ ಅಂತ ಯಾರೂ ಅಂದಿರಲಿಲ್ಲ. ನೇಪಾಳದ ಘಾಟಿಯಲ್ಲಿ, ಕೀನ್ಯಾದ ಕೆಂಪು ಮಣ್ಣಿನಲ್ಲಿ ಗಾಡಿ ಓಡಿಸಿದವಳು ನಾನು. ಆದರೆ ನನ್ನನ್ನು ಹಿಂದೆ ಹಾಕಿ ಇನ್ನೊಂದು ಗಾಡಿ ಹೋಗುವುದನ್ನು ನೋಡುತ್ತ ಸುಮ್ಮನೆ ಕೂರುವುದನ್ನು ಮಾತ್ರ ಎಲ್ಲೂ ಕಲಿತಿಲ್ಲ. ಸರಿಯಾದ ಪ್ರಶ್ನೆ ಕೇಳುವವರು ನನಗೆ ಯಾವಾಗಲೂ ದಾರಿ ತಪ್ಪಿದ ಮೇಲೇ ಸಿಗುತ್ತಾರೆ. ಕಾರನ್ನು ರಿವರ್ಸ್‌ನಲ್ಲೇ ಒಂದೂವರೆ ಕಿಲೋಮೀಟರ್ ವಾಪಸ್ ತಂದೆ. ಆ ವೇಗಕ್ಕೆ ಅದು ಒಂದಿಷ್ಟೂ ನಡುಗಲಿಲ್ಲ.

ಬೆಳ್ಳಿ ಬಣ್ಣದ ಚಕ್ರ

ನಡುಕಕ್ಕೂ ಮೊದಲು ಶೃಂಗಾರ ಇತ್ತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕೈಮಗ್ಗದ ಬಟ್ಟೆ ಆರಿಸಿ ದೂರದ ಅಂಗಡಿಗಳಿಗೆ ಕಳಿಸುವುದು ನನ್ನ ಕೆಲಸ. ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬದನವಾಳು, ತಗಡೂರು, ನರಸೀಪುರ ಎಂದು ಸುತ್ತುತ್ತಿದ್ದೆ. ಒಂದು ದಿನ ನರಸೀಪುರದಲ್ಲಿ ಹೊಸದಾಗಿ ತೆರೆದ ಟೈರ್ ಅಂಗಡಿಯ ಮುಂದೆ ಬೆಳ್ಳಿ ಬಣ್ಣದ ಅಲಾಯ್ ವೀಲ್ ತೂಗು ಹಾಕಿದ್ದು ಕಂಡಿತು. ನನ್ನ ಸೆಕೆಂಡ್ ಹ್ಯಾಂಡ್ ಪುಟ್ಟ ಕಾರಿಗೆ ಅದು ಬೇಕಾಗಿರಲಿಲ್ಲ. ನನಗೆ ಬೇಕಾಗಿತ್ತು.

ಅಂಗಡಿಯಾತ ಶಿಸ್ತಿನ ಮನುಷ್ಯ. ನಾಲ್ಕೂ ಕಡೆ ಜಾಕಿ ಕೊಟ್ಟು, ಚಕ್ರ ಕೂರುವ ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಒಂದೊಂದು ಚಕ್ರದ ನಡು ತೂತಿಗೂ ಒಂದೊಂದು ಕಪ್ಪು ಪ್ಲಾಸ್ಟಿಕ್ ಬಳೆ ಕೂರಿಸಿದ. "ಇದು ಮುಖ್ಯ ಮೇಡಮ್ಮೋರೆ," ಎಂದು ಏನೋ ವಿವರಿಸಿದ. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರು ಮಾತಾಡುವಾಗ ತಲೆಯಾಡಿಸುವ ಹಾಗೆ ನಾನು ತಲೆಯಾಡಿಸಿದೆ.

ಆಮೇಲೆ ನಟ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಒಂದನ್ನು ಸ್ವಲ್ಪ ಬಿಗಿ ಮಾಡಿದರೆ ಅದರ ಎದುರಿಗಿನದನ್ನು ಸ್ವಲ್ಪ ಬಿಗಿ ಮಾಡಿ, ಮತ್ತೆ ಮೊದಲಿನದಕ್ಕೆ ಬರುತ್ತಿದ್ದ. ಟ್ರಾಕ್ಟರ್ ಟೈರಿಗೆ ಪಂಚರ್ ಹಾಕಿಸಲು ಬಂದು ಕಾಯುತ್ತಿದ್ದವನಿಗೆ ತಡೆಯಲಾಗಲಿಲ್ಲ.

"ಸ್ಪ್ಯಾನರ್ ಮೇಲೆ ಒಂದ್ಸಲ ಅತ್ತಿ ತುಳಿ ಕಣ್ಲಾ. ಬೇಗ ಮುಗೀತದೆ."

"ತುಳಿಯಾಕೆ ಇದೇನು ಇಟ್ಟಿಗೆ ಮಣ್ಣೇನ್ಲಾ?"

ಅವತ್ತು ಮೈಸೂರು ರಸ್ತೆಯಲ್ಲಿ ತೊಂಬತ್ತು ಮುಟ್ಟಿದೆ. ಕಾರು ಎಷ್ಟು ಸದ್ದಿಲ್ಲದೆ ಹೋಗುತ್ತಿತ್ತೆಂದರೆ, ಇಂಜಿನ್ ಆಫ್ ಆಗಿದೆಯೇನೋ ಎಂದು ಪಕ್ಕಕ್ಕೆ ನಿಲ್ಲಿಸಿ ನೋಡಿದೆ. ನಿಲ್ಲಿಸಿದಾಗ ನಿಜವಾಗಿಯೂ ಆಫ್ ಆಯಿತು.

ಆಯುಧ ಪೂಜೆ

ನಮ್ಮ ಮನೆ ಓನರಮ್ಮನಿಗೆ ಒಂದು ನಂಬಿಕೆ. ಮೇಲೆ ಮೇಲೆ ತೊಳೆದ ಗಾಡಿಗೆ ಪೂಜೆ ಮಾಡಿದರೆ ಅದು ಕಾಟಾಚಾರದ ಪೂಜೆ. "ಬೆನ್ನು ಉಜ್ಜದೆ ಎಣ್ಣೆ ಸ್ನಾನ ಮಾಡ್ತಾರಾ?" ಎಂದು ಕೇಳಿದರು. ಆದ್ದರಿಂದ ಹಬ್ಬದ ಹಿಂದಿನ ದಿನ ಚಕ್ರ ನಾಲ್ಕನ್ನೂ ಬಿಚ್ಚಿಸುವುದೆಂದು ತೀರ್ಮಾನವಾಯಿತು. ಬಿಚ್ಚಿದವರು ಪಕ್ಕದ ಮನೆಯ ಯಜಮಾನರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಓನರಮ್ಮ ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಚಕ್ರಗಳನ್ನು ಒಳಗೂ ಹೊರಗೂ ಬೆಳಗಿದರು. ನಾನು ಮೇಲಿನ ಮನೆಯಲ್ಲಿ ಬಟ್ಟೆ ಥಾನುಗಳನ್ನು ಎಣಿಸುತ್ತಿದ್ದೆ. ಕೆಳಗೆ ಬಂದಾಗ ಚಕ್ರ ವಾಪಸ್ ಕೂತಿತ್ತು, ಯಜಮಾನರು ಸ್ಪ್ಯಾನರ್ ಮೇಲೆ ಎರಡೂ ಕಾಲಲ್ಲಿ ನಿಂತು ಕೊನೆಯ ನಟ್ಟು ಬಿಗಿ ಮಾಡುತ್ತಿದ್ದರು.

ಹಬ್ಬದ ದಿನ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಮಿಕ್ಸಿಗೂ ನನ್ನ ಬಟ್ಟೆ ಕತ್ತರಿಗೂ ಅರಿಶಿನ ಕುಂಕುಮ ಇಟ್ಟೆವು. ಮರುದಿನ ಮೈಸೂರಿಗೆ ಹೊರಟೆ. ಎಪ್ಪತ್ತು ದಾಟಿತು, ಸ್ಟೇರಿಂಗ್ ಜ್ವರ ಬಂದವರ ಕೈಯ ಹಾಗೆ ನಡುಗಿತು.

ವಾಪಸ್ ಬಂದು ಯಜಮಾನರನ್ನು ಕೇಳಿದೆ.

"ಮೂವತ್ತು ವರ್ಷ ಬಸ್ಸಿನ ಚಕ್ರ ಹಾಕಿದೀನಿ ಕಣಮ್ಮ. ಒಂದೂ ಬಿದ್ದಿಲ್ಲ."

"ಬಿದ್ದಿಲ್ಲ ಸರಿ. ನಡುಗುತ್ತಿರಲಿಲ್ಲವಾ?"

"ನಡುಗ್ದೇ ಇರೋ ಬಸ್ಸನ್ನ ನೀವೆಲ್ಲಿ ನೋಡಿದ್ರಿ?"

ನಾನು ಆಡಿದ ಮಾತು

ಚಕ್ರ ಬಿಚ್ಚಿ ಹಾಕಿದವರು ಪಕ್ಕದ ಮನೆಯಲ್ಲೇ ಇದ್ದರೂ ನನ್ನ ಸಿಟ್ಟು ನರಸೀಪುರದವರೆಗೂ ಹೋಯಿತು. ಪಕ್ಕದ ಮನೆಯವರ ಮೇಲೆ ಸಿಟ್ಟು ಮಾಡಿಕೊಂಡರೆ ದಿನಾ ಮುಖ ನೋಡಬೇಕಾಗುತ್ತದೆ, ದೂರದವರಾದರೆ ಆ ತೊಂದರೆಯಿಲ್ಲ. ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದೆ.

"ಒಂದೈದು ನಿಮಿಷ ಮೇಡಮ್ಮೋರೆ, ಚಕ್ರ ಬಿಚ್ಚಿ ನೋಡ್ಬುಡ್ತೀನಿ," ಎಂದ.

"ಮುಟ್ಟಬೇಡಿ!" ಎಂದೆ. ಹಾಗೆಯೇ ಕೈ ಎತ್ತಿ ಅವನ ಬೋರ್ಡು ತೋರಿಸಿ ಹೇಳಿದೆ: "ಚಕ್ರ ಕೂರಿಸೋಕೆ ಬರದಿದ್ದರೆ ಆ ಬೋರ್ಡ್ ಇಳಿಸಿ, ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕ್ಕೊಂಡು ಕೂತ್ಕೊಳ್ಳಿ!"

ಅವತ್ತು ಅಲ್ಲಿ ನಾಲ್ಕು ಜನ ಇದ್ದರು. ಸ್ಕೂಟರ್‌ಗೆ ಗಾಳಿ ಹೊಡೆಸಲು ಬಂದಿದ್ದ ಹೈಸ್ಕೂಲ್ ಮೇಷ್ಟ್ರು, ಮತ್ತೆ ಪಂಚರ್ ಆಗಿ ಬಂದಿದ್ದ ಅದೇ ಟ್ರಾಕ್ಟರಿನವನು, ಎದುರುಗಡೆ ಟೀ ಅಂಗಡಿಯ ಹೆಂಗಸು, ಮತ್ತೆ ತನ್ನ ಜೀಪಿಗೆ ಹಾಕಿಸಲು ನಾಲ್ಕು ಹೊಸ ಅಲಾಯ್ ವೀಲ್ ಹೊತ್ತು ತಂದಿದ್ದ ಬನ್ನೂರಿನ ಒಬ್ಬ. ಜೀಪಿನವನು ನನ್ನನ್ನು ನೋಡಿದ, ಅಂಗಡಿಯಾತನನ್ನು ನೋಡಿದ, ಚಕ್ರಗಳನ್ನು ಒಂದೊಂದಾಗಿ ವಾಪಸ್ ಜೀಪಿಗೆ ಏರಿಸಿಕೊಂಡು ಹೊರಟುಹೋದ. ನ್ಯಾಯ ಸಿಕ್ಕಿತೆಂದು ನಾನೂ ಹೊರಟೆ. ಊರು ದಾಟಿ ಎಪ್ಪತ್ತು ಮುಟ್ಟಿದಾಗ ನ್ಯಾಯವೂ ನಡುಗಿತು.

ಸೊನ್ನೆ ಮತ್ತು ಸೀಸ

ನಂಜನಗೂಡಿನಲ್ಲಿ ಒಬ್ಬರು ಚಕ್ರದ ತೂಕ ಸರಿಮಾಡುವ ಕಂಪ್ಯೂಟರ್ ಮೆಷಿನ್ ತಂದಿದ್ದರು. ಚಕ್ರ ಬಿಚ್ಚಿ ಅದರ ಮೇಲೆ ತಿರುಗಿಸಿದರೆ ಯಾವ ಕಡೆ ಹಗುರವೋ ತೋರಿಸುತ್ತದೆ, ಆ ಕಡೆ ಅಂಚಿಗೆ ಸಣ್ಣ ಸೀಸದ ತುಂಡು ಬಡಿಯುತ್ತಾರೆ. ನಾಲ್ಕಕ್ಕೂ ಬಡಿದರು, ನಾಲ್ಕೂ ಸೊನ್ನೆ ತೋರಿಸಿದವು. ಹೊರಗೆ ಹೋಗಿ ಬಂದೆ. ಹಾಗೇ ನಡುಗುತ್ತಿತ್ತು. ಮತ್ತೆ ಮೆಷಿನ್ ಮೇಲೆ ಹಾಕಿದರು. ಮತ್ತೆ ಸೊನ್ನೆ.

"ನೋಡಿ ಮೇಡಮ್, ಕಂಪ್ಯೂಟರ್ ಸರಿಯಾಗಿದೆ ಅಂತಿದೆ."

"ಕಾರು ಸರಿಯಿಲ್ಲ ಅಂತಿದೆಯಲ್ಲ."

"ಕಾರಿನೊಳಗೆ ಕಂಪ್ಯೂಟರ್ ಇಲ್ಲ ಮೇಡಮ್. ಅದಕ್ಕೇನು ಗೊತ್ತಾಗುತ್ತೆ?"

ತಗಡೂರಿನ ದಾರಿ ತಪ್ಪಿ ಮೋರಿ ಕಟ್ಟೆಯ ಯಜಮಾನರು ಸಿಕ್ಕಿದ್ದು ಆ ವಾರವೇ. ಅದಾಗಿ ಎರಡು ದಿನಕ್ಕೆ ನರಸೀಪುರದಲ್ಲಿ ಹೊಳೆ ಹತ್ತಿರ ಕಾರು ನಿಲ್ಲಿಸಿ, ಬಟ್ಟೆಗೆ ಬಣ್ಣ ಹಾಕುವವರ ಮನೆಗೆ ಹೋಗಿ ಬಂದೆ. ಹಿಂದಿರುಗುವಾಗ ಕಾರು ಅರವತ್ತಕ್ಕೇ ನಡುಗತೊಡಗಿತು. ಇಳಿದು ನೋಡಿದರೆ ಚಕ್ರದ ಅಂಚಿನ ಸೀಸ ಒಂದೂ ಇಲ್ಲ. ಹೊಳೆ ಹತ್ತಿರಕ್ಕೆ ವಾಪಸ್ ಹೋದೆ. ಬೀಸುಬಲೆ ಒಣಹಾಕುತ್ತಿದ್ದ ಒಬ್ಬರು ಎದ್ದು ನಿಂತು ಗೌರವದಿಂದ ಹೇಳಿದರು:

"ಯಾರೋ ಆಗದೋರು ನಿಮ್ ಚಕ್ರಕ್ಕೆ ಸೀಸ ಒಡ್ದಿದ್ರು ಕಣವ್ವ. ನಾಲ್ಕಕ್ಕೂ ಒಡ್ದವ್ರೆ! ಮಾಟ ಇರ್ಬೇಕು ಅಂತ ಎಲ್ಲಾನೂ ಕಿತ್ತಾಕ್ಬುಟ್ಟೆ."

"ಕಿತ್ತು ಎಲ್ಲಿ ಹಾಕಿದ್ರಿ?"

ಅವರು ಬಲೆಯ ಅಂಚು ತೋರಿಸಿದರು. ಬಲೆ ಮುಳುಗಲೆಂದು ಕಟ್ಟಿದ ಹಳೇ ಗುಂಡುಗಳ ನಡುವೆ ಹೊಳೆಯುವ ಹೊಸ ಸೀಸ ಸಾಲಾಗಿ ಕೂತಿತ್ತು.

"ನಿಮಗೆ ಮಾಟ ತಟ್ಟಲ್ವಾ?"

"ನೀರೊಳಗೆ ನಡೆಯಾಕಿಲ್ಲ," ಎಂದು ಧೈರ್ಯ ಹೇಳಿದರು. ನನ್ನನ್ನು ಕಾಪಾಡಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಸೀಸ ಬಿಟ್ಟು.

ಅಲ್ಲಾಡದ ಚೊಂಬು

ಒಂದು ಶುಕ್ರವಾರ ಓನರಮ್ಮ ಲಕ್ಷ್ಮಿ ಪೂಜೆಗೆ ಕರೆದರು. ಕಲಶ ಚೆನ್ನಾಗಿ ಕೂತಿತ್ತು. ಬೆಳ್ಳಿ ಚೊಂಬು, ಮಾವಿನ ಎಲೆ, ತೆಂಗಿನಕಾಯಿ. ಚೊಂಬಿನ ಅಡಿಯಲ್ಲಿ ಅಕ್ಕಿ, ಅಕ್ಕಿಯ ನಡುವೆ ಕಪ್ಪಗೆ ಏನೋ.

"ಅದೇನಮ್ಮ, ಚೊಂಬಿನ ಕೆಳಗೆ?"

"ನಿಮ್ಮ ಕಾರಿಂದೇ! ಅವತ್ತು ಚಕ್ರದ ಒಳಗೆ ಸಿಕ್ಕಿತು. ಪ್ಯಾಕಿಂಗ್ ಇರಬೇಕು, ಬಿಚ್ಚೋದು ಮರೆತಿದಾರೆ ಅಂದ್ರು ಪಕ್ಕದ ಮನೆಯವರು. ಗಟ್ಟಿಯಾಗಿದೆ, ಬಿಸಾಕೋದ್ಯಾಕೆ ಅಂತ ಇಟ್ಕೊಂಡೆ. ಈ ಚೊಂಬಿನ ತಳ ಗುಂಡಗಿದೆ ನೋಡಿ, ಎಷ್ಟು ವರ್ಷದಿಂದ ಅಲ್ಲಾಡ್ತಿತ್ತು. ಈಗ ನೋಡಿ, ಕಲ್ಲಿನ ಹಾಗೆ ಕೂತಿದೆ."

ಉಳಿದ ಮೂರು ಬಳೆ ಅಡುಗೆಮನೆಯಲ್ಲಿದ್ದವು. ಒಂದು ತುಪ್ಪದ ಗಿಂಡಿಯ ಕೆಳಗೆ, ಎರಡು ಎಣ್ಣೆ ಪಾತ್ರೆಗಳ ಕೆಳಗೆ. ಟೈರ್ ಅಂಗಡಿಯಾತ ಅವತ್ತು ವಿವರಿಸಿದ್ದು ಈಗ ಎರಡನೇ ಸಲ ಕೇಳಿದ ಹಾಗೆ ಕೇಳಿಸಿತು. ಹೊರಗಿನಿಂದ ತಂದ ಚಕ್ರದ ನಡು ತೂತು ದೊಡ್ಡದು, ಕಾರಿನ ಹಬ್ ಸಣ್ಣದು. ಮಧ್ಯದ ಸಂದಿಗೆ ಆ ಬಳೆ ಕೂತರೆ ಚಕ್ರ ನಟ್ಟನಡುವೆ ಕೂರುತ್ತದೆ. ಇಲ್ಲದಿದ್ದರೆ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ವೇಗ ಹೆಚ್ಚಿದ ಹಾಗೆ ಕುಣಿಯುತ್ತದೆ. ಒಂದು ಕಡೆ ನಾನು ನಡುಗುತ್ತಿದ್ದೆ. ಇನ್ನೊಂದು ಕಡೆ ಓನರಮ್ಮನ ಮನೆಯಲ್ಲಿ ಒಂದು ಪಾತ್ರೆಯೂ ಅಲ್ಲಾಡುತ್ತಿರಲಿಲ್ಲ.

"ಅದು ನನಗೆ ಬೇಕಾಗಿತ್ತು," ಎಂದೆ.

"ಮೂರು ಈಗಲೇ ತಗೊಳ್ಳಿ. ಇದು ಮಾತ್ರ ನಾಳೆ. ಕಲಶ ಕೂರಿಸಿದ ಮೇಲೆ ಕದಲಿಸೋ ಹಾಗಿಲ್ಲ."

ಹಾಗಾಗಿ ಒಂದು ರಾತ್ರಿ ಕಳೆಯಿತು. ಅವತ್ತು ಮಂಗಳಾರತಿ ಆದಾಗ ಎಲ್ಲರೂ ಲಕ್ಷ್ಮಿಗೆ ಕೈಮುಗಿದರು. ನಾನು ನನ್ನ ಬಿಡಿಭಾಗಕ್ಕೆ ಮುಗಿದೆ.

ಸಾಲ

ಶನಿವಾರ ಬಳೆ ನಾಲ್ಕನ್ನೂ ಟೈರ್ ಅಂಗಡಿಯ ಮೇಜಿನ ಮೇಲೆ ಇಟ್ಟೆ. ಅಂಗಡಿಯಾತ ಒಂದನ್ನು ಎತ್ತಿ ನೋಡಿದ.

"ಕುಂಕುಮ ಒರಸ್ಲಾ, ಇರ್ಲಾ?"

"ಒರೆಸಿ."

ಹಬ್ ಉಜ್ಜಿ, ಬಳೆ ಕೂರಿಸಿ, ಸೀಸ ಬಡಿದು, ಎದುರೆದುರು ನಟ್ಟು ಬಿಗಿ ಮಾಡಿದ. ಇಬ್ಬರೂ ಮೈಸೂರು ರಸ್ತೆಗೆ ಹೋಗಿ ತೊಂಬತ್ತು ಮುಟ್ಟಿ ಬಂದೆವು. ಸ್ಟೇರಿಂಗ್ ಮೇಲೆ ಕೈ ಇದ್ದದ್ದೇ ಮರೆತುಹೋಗುವಷ್ಟು ನೆಟ್ಟಗೆ ಹೋಯಿತು. ಎಷ್ಟಾಯಿತು ಎಂದು ಕೇಳಿದೆ.

"ದುಡ್ಡು ಬ್ಯಾಡಿ. ಅವತ್ತಿನ ಮಾತು ವಾಪಸ್ ತಗೊಳಿ."

"ತಗೊಂಡೆ. ತಪ್ಪಾಯಿತು."

"ನನ್ನೊಬ್ಬನ ಮುಂದೆ ಅಲ್ಲ. ಅವತ್ತು ನಾಲ್ಕು ಜನ ಇದ್ರು, ಆ ನಾಲ್ಕು ಜನದ ಮುಂದೆ ಆಗ್ಬೇಕು. ಅವತ್ತಿಂದ ಒಬ್ನೂ ಚಕ್ರ ಆಕ್ಸಕ್ಕೆ ಬಂದಿಲ್ಲ ಮೇಡಮ್ಮೋರೆ. ನಾನು ಕೂರ್ಸಿದ ಚಕ್ರ ಸೇತುವೆ ಮೇಲೆ ಕಳಚಿ ಒಳೆಗೆ ಬಿತ್ತು ಅಂತ ಬನ್ನೂರಿನ ಗಂಟ ಸುದ್ದಿ. ಇನ್ನೊಂದ್ ತಿಂಗಳು ಇಂಗೇ ಆದ್ರೆ ಬಾಗ್ಲು ಆಕ್ಬೇಕು."

ನಾನು ಚಕ್ರ ಹೊಳೆಗೆ ಬಿತ್ತೆಂದು ಹೇಳಿರಲಿಲ್ಲ. ಆದರೆ ಬೋರ್ಡ್ ಇಳಿಸಲು ಹೇಳಿದ್ದು ನಾನೇ. ಈಗ ಅದು ತಾನಾಗಿಯೇ ಇಳಿಯುವ ಹಾಗಿತ್ತು.

ಜನ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗಿನ ಸ್ಕೂಲು ಬಿಡುವವರೆಗೆ ಗೇಟಿನ ಬಳಿ ಕಾದು ಮೇಷ್ಟ್ರನ್ನು ಹತ್ತಿಸಿಕೊಂಡೆ. ಟ್ರಾಕ್ಟರಿನವನು ಅಕ್ಕಿ ಗಿರಣಿಯ ಹತ್ತಿರ ಸಿಕ್ಕಿದ. ಜೀಪಿನವನಿಗಾಗಿ ಬನ್ನೂರಿಗೆ ಹೋದರೆ, ಅವನು ನನ್ನ ಕಾರು ಹತ್ತುವ ಮೊದಲು ನಾಲ್ಕೂ ಚಕ್ರವನ್ನು ಒದ್ದು ನೋಡಿದ. ಟೀ ಅಂಗಡಿಯ ಹೆಂಗಸು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಎಲ್ಲರಿಗಿಂತ ಮುಂದೆ ನಿಂತಳು. ಟೀ ಕುಡಿಯಲು ಬಂದವರೂ ಅವಳ ಹಿಂದೆಯೇ ಬಂದರು. ಇಪ್ಪತ್ತು ಜನ ಆಗಿರಬಹುದು.

ಅವರ ಮುಂದೆ ನಿಂತು ಹೇಳಿದೆ. "ಅವತ್ತು ನಾನು ಇವರಿಗೆ ಆಡಿದ ಮಾತು ತಪ್ಪು. ವಾಪಸ್ ತಗೋತಿದೀನಿ."

ಮೇಷ್ಟ್ರು ಕೇಳಿದರು. "ಯಾವ ಮಾತು?"

"ಅವತ್ತು ಇಲ್ಲಿ ನಿಂತು ಆಡಿದ್ದು."

"ಅದೇ, ಏನಂದ್ರಿ ಅಂತ? ಗಾಳಿ ಹೊಡೆಯೋ ಕಂಪ್ರೆಸರ್ ಓಡ್ತಿತ್ತಲ್ಲ. ನೀವು ಕೈ ಆಡಿಸಿದ್ದು ಕಾಣಿಸ್ತು, ಮಾತು ಕೇಳಿಸಲಿಲ್ಲ."

"ನಂಗೂ ಕೇಳ್ಲಿಲ್ಲ," ಎಂದ ಟ್ರಾಕ್ಟರಿನವನು.

ನಾನು ಜೀಪಿನವನ ಕಡೆ ತಿರುಗಿದೆ. ಅವನು ನೆಲ ನೋಡಿದ. "ಆಪಾಟಿ ಕೈ ಆಡ್ಸಬೇಕು ಅಂದ್ರೆ ಚಕ್ರ ಕಳಚಿ ಒಳೆಗೆ ಬಿದ್ದಿರ್ಬೇಕು ಅಂತ ನಾನೇ ಅಂದ್ಕಂಡೆ," ಎಂದ.

"ಏಳ್ಬುಡಿ ಮೇಡಮ್ಮೋರೆ," ಎಂದ ಅಂಗಡಿಯಾತ. "ಏನಂದ್ರಿ ಅಂತ ಇವ್ರಿಗೆ ಗೊತ್ತಾಗ್ದೆ ಏನನ್ನ ವಾಪಸ್ ತಗೊತೀರಿ?" ಒಳಗೆ ಹೋಗಿ ಕಂಪ್ರೆಸರ್ ಆಫ್ ಮಾಡಿ ಬಂದು ಬೋರ್ಡಿನ ಕೆಳಗೆ ಕೈಕಟ್ಟಿ ನಿಂತ.

ಬೇರೆ ದಾರಿಯಿರಲಿಲ್ಲ. ಇಪ್ಪತ್ತು ಜನರ ಮುಂದೆ ಅವನನ್ನು ಮತ್ತೊಮ್ಮೆ ಬೈದೆ. ಬೋರ್ಡು, ಎತ್ತಿನ ಗಾಡಿ, ಕೀಲೆಣ್ಣೆ, ಯಾವುದನ್ನೂ ಬಿಡಲಿಲ್ಲ. "ಕೈನೂ ಅವತ್ತಿನ ಹಾಗೇ ಆಡಿಸಿ," ಎಂದರು ಮೇಷ್ಟ್ರು. ಆಡಿಸಿದೆ. ಮುಗಿದ ಕೂಡಲೇ ಅಷ್ಟನ್ನೂ ವಾಪಸ್ ತೆಗೆದುಕೊಂಡು, ಚಕ್ರ ಬಿದ್ದಿಲ್ಲ, ತಪ್ಪು ನಮ್ಮ ಮನೆಯ ಕಡೆಯದು, ಇವರ ಕೆಲಸ ಅಪ್ಪಟ ಎಂದೂ ಸೇರಿಸಿದೆ. ಜೀಪಿನವನು ಸೋಮವಾರ ಚಕ್ರ ತರುತ್ತೇನೆಂದ. ಅಂಗಡಿಯಾತ ನನ್ನ ಕಡೆ ತಲೆಯಾಡಿಸಿದ. ಸಾಲ ತೀರಿತ್ತು.

ಟೀ ಅಂಗಡಿಯವಳು ಮಾತ್ರ ನಿಂತೇ ಇದ್ದಳು.

"ಅಷ್ಟೇಯಾ?"

"ಅಷ್ಟೇ."

"ಇದ ಕೇಳಕ್ಕೆ ನಾನು ಒಲೆ ಆರ್ಸಿ ಬಂದ್ನಾ?" ರಸ್ತೆ ದಾಟಲು ಹೊರಟವಳು ನನ್ನ ಮೇಲೆ ಕರುಣೆ ಬಂದು ತಿರುಗಿದಳು. "ಇನ್ಮ್ಯಾಕೆ ಯಾರ್ನಾದ್ರೂ ಬೈಯೋದಿದ್ರೆ ಬಂದು ನನ್ ಕರೀರಿ ಕಣವ್ವ. ಓದು ಕಲ್ತೋರ್ ಕೈಲಿ ಅದೆಲ್ಲ ಆಗಾಕಿಲ್ಲ."