ಗೇಟು ಬಿದ್ದಾಗ ಸೈಕಲ್ ಸವಾರನ ಧರ್ಮ

ಯಾರೇ ಆಗಲಿ, ಮೊದಲು ಹೇಳುವ ಮಾತು ಅವರ ಕೊನೆಯ ಮಾತಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಬದನೆಕಾಯಿ ಮಾರುವವಳು ಹೇಳಿದ ದರವನ್ನೇ ಕೊಟ್ಟು ಹೋಗುವ ಗಿರಾಕಿಯನ್ನು ಕಂಡು ಅವಳೇ ಒಳಗೊಳಗೆ ಮರುಗುತ್ತಾಳೆ. ದರ್ಜಿ ಸೋಮವಾರ ಬರ್ರಿ ಎಂದನೆಂದು ಸೋಮವಾರವೇ ಹೋಗುವವನು ಊರಿಗೆ ಹೊಸಬ. ಆನಗೋಡಿನಿಂದ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ದಾವಣಗೆರೆಗೆ ಬಂದು, ಮಂಡಿಯಲ್ಲಿ ಚೀಲ ಹೊತ್ತು, ಕೊನೆಗೆ ದನದ ಹಿಂಡಿಯ ಅಂಗಡಿ ಇಟ್ಟವನು ನಾನು. ಈ ನಂಬಿಕೆಯೇ ನನ್ನ ಬಂಡವಾಳ. ಹೀಗಾಗಿ ರೈಲ್ವೆ ಗೇಟಿನ ಕೆಂಪು ತಟ್ಟೆ ಹಗಲಲ್ಲೂ, ಕೆಂಪು ದೀಪ ಕತ್ತಲಲ್ಲೂ 'ನಿಲ್ಲು' ಎಂದಾಗ ಅದನ್ನೂ ಚೌಕಾಸಿಯ ಮೊದಲ ಮಾತೆಂದೇ ತಿಳಿದಿದ್ದೆ. ನಿಲ್ಲುವುದು ಲಾರಿಯವರ ಕರ್ಮ, ಎತ್ತಿನ ಗಾಡಿಯವರ ಕರ್ಮ. ಸೈಕಲ್ಲಿನವನು ಯಾಕೆ ನಿಲ್ಲಬೇಕು?

ನಮ್ಮ ಮನೆ, ಅಂಗಡಿ ಹಳಿಯ ಈಚೆ. ಸ್ಟೇಷನ್ನು, ಕಾಲೇಜು ಆಚೆ. ಗೇಟಿನ ಪಕ್ಕದಲ್ಲಿ ನಡೆದು ಹೋಗುವವರಿಗೆಂದು ಒಂದು ಸಣ್ಣ ಗೇಟುಂಟು. ತುಸು ಹೊಟ್ಟೆ ಇರುವವರು ಅಡ್ಡಡ್ಡಲಾಗಿ ನುಸುಳಬೇಕು, ಅಷ್ಟು ಇಕ್ಕಟ್ಟು. ನಾವು ಸೈಕಲ್ಲಿನವರು ಅದಕ್ಕೊಂದು ವಿದ್ಯೆ ಕಂಡುಕೊಂಡಿದ್ದೆವು. ಮುಂದಿನ ಚಕ್ರ ಮೇಲೆತ್ತಿ, ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಕರಡಿಯ ಹಾಗೆ ನಿಲ್ಲಿಸಿ, ಅದನ್ನು ತಬ್ಬಿಕೊಂಡು ಆ ಸಂದಿಯಲ್ಲಿ ತೂರುವುದು. ಗೇಟು ಕಾಯುವ ಹುಸೇನ್ ಸಾಬರಿಗೂ ನನಗೂ ಇದರ ಮೇಲೆ ದಿನಾ ವಾದ.

"ಸಾವ್ಕಾರ್ರೇ, ಅದು ಮನುಷ್ಯಾರು ಹೋಗಾಕ ಐತೆ, ಗಾಡಿಗಲ್ರೀ!"

"ಇದೆಲ್ಲಿ ಗಾಡಿ ಸಾಬ್ರೇ? ಗಾಡಿ ಅಂದ್ರೆ ಮನುಷ್ಯನ್ನ ಹೊರಬೇಕು. ಈಗ ಇದನ್ನ ನಾನು ಹೊತ್ಕಂಡೀನಿ. ಇದು ಸಾಮಾನು."

"ಸಾಮಾನಿಗೆ ಗಂಟೆ ಯಾಕ ಐತೆ ಮತ್ತ?"

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಯಾವತ್ತೂ ಪುರುಸೊತ್ತಾಗಲಿಲ್ಲ. ಅಷ್ಟರಲ್ಲಿ ಆಚೆ ಪೆಡಲ್ ತುಳಿಯುತ್ತಿರುತ್ತಿದ್ದೆ.

ಮಗಳು ಗಿರಿಜೆ ಕಾಲೇಜು ಸೇರಿದಾಗ ಎಲ್ಲ ತಲೆಕೆಳಗಾಯಿತು. ಅವಳಿಗೊಂದು ಸೈಕಲ್ ಬೇಕಿತ್ತು. ಇಲ್ಲದಿದ್ದರೆ ಅಷ್ಟು ದೂರದ ಓದೇ ಬೇಡವೆಂಬ ಪರಿಸ್ಥಿತಿ. ನನ್ನ ಹೆಂಡತಿ ಗೌರಮ್ಮ ಒಪ್ಪಲಿಲ್ಲ. "ಹೆಣ್ಣುಡುಗಿ ಸೈಕಲ್ ಮ್ಯಾಲೆ ಕುಂತು ಊರೆಲ್ಲ ಮೆರೀಬೇಕೇನ್ರಿ? ಬ್ಯಾಡ ಅಂದ್ರೆ ಬ್ಯಾಡ." ಇದು ಮೊದಲ ಮಾತೆಂದು ನನಗೆ ಗೊತ್ತಿತ್ತು. ಊಟದ ಹೊತ್ತಿಗೊಂದು, ಮಲಗುವ ಹೊತ್ತಿಗೊಂದು ಮಾತು ಸೇರಿಸುತ್ತ, ಸಿಟ್ಟು ಬಂದಾಗ ಎದ್ದು ಹೋದಂತೆ ಮಾಡಿ ಬಾಗಿಲಿನಿಂದ ವಾಪಸ್ಸು ಬರುತ್ತ, ಅಂಗಡಿಯಲ್ಲಿ ಮಾಡುವ ಕಸರತ್ತನ್ನೆಲ್ಲ ಮಾಡಿದೆ. ಕೊನೆಗೆ ಅವಳು ಇಳಿದಳು. "ಆತು. ಆದ್ರೆ ಗೇಟು ಬಿದ್ದಾಗ ಈ ಮನೀ ಸೈಕಲ್ ಆ ಸಂದ್ಯಾಗ ನುಸುಳಿದ್ದು ಒಂದು ದಿನ ನನ್ನ ಕಿವಿಗೆ ಬಿದ್ರೂ, ಗಿರಿಜಾನ ಸೈಕಲ್ ಅಟ್ಟ ಏರ್ತೈತೆ ನೋಡ್ರಿ."

ಗೆದ್ದೆನೆಂದು ಬೀಗಿದೆ. ಮರುದಿನ ಸಂದಿಯ ಮುಂದೆ ಸೈಕಲ್ಲಿನ ಮುಂಗಾಲು ಎತ್ತಿದಾಗ ಹೊಳೆಯಿತು: ಈ ಮನೆಯಲ್ಲಿ ನನ್ನದೂ ಒಂದು ಸೈಕಲ್ಲಿದೆ! ಚೀಲ ಬಿಚ್ಚಿ ನೋಡದೆ ಮಾಲು ಕೊಂಡಿದ್ದೆ. ಕದ್ದು ನುಸುಳೋಣವೆಂದರೆ, ಹುಸೇನ್ ಸಾಬರ ಮನೆಯವರು ಆಡಿಗೆ ಹಿಂಡಿ ಒಯ್ಯಲು ಬರುವುದು ಗೌರಮ್ಮನ ಹತ್ತಿರವೇ. ಎತ್ತಿದ ಚಕ್ರವನ್ನು ಮೆಲ್ಲಗೆ ಇಳಿಸಿದೆ. ಸಾಬರು ಬೀಡಿ ಹಚ್ಚಿಕೊಂಡು ನನ್ನ ಕಡೆ ನೋಡಿ ನಕ್ಕರು.

ಗಿರಿಜೆಯಂತೂ ಕೆಂಪು ಕಂಡೊಡನೆ ಇಳಿದು ನೆಟ್ಟಗೆ ನಿಲ್ಲುತ್ತಿದ್ದಳು. ಒಬ್ಬ ಹುಡುಗಿ ನಿಂತಿರುವಾಗ ಮೀಸೆ ಹೊತ್ತವರು ಅವಳೆದುರಿಗೆ ಸೈಕಲ್ ತಬ್ಬಿಕೊಂಡು ತೂರುವುದು ಹೇಗೆ? ಗುಮಾಸ್ತರು, ವ್ಯಾಪಾರಿಗಳು, ಕಾಲೇಜಿನ ಹುಡುಗರು ಒಬ್ಬೊಬ್ಬರಾಗಿ ಅವಳ ಹಿಂದೆ ನಿಲ್ಲತೊಡಗಿದರು. "ನಿಮ್ಮ ಮಗಳ ದೆಸೆಯಿಂದ ನಮಗೂ ಬುದ್ಧಿ ಬಂತು ಬಿಡ್ರಿ," ಎಂದು ಕಿರಾಣಿ ಅಂಗಡಿಯವರೊಬ್ಬರು ಹಲ್ಲು ಕಡಿದುಕೊಂಡೇ ಹೇಳಿದರು. ನಿಯಮ ಪಾಲಿಸುವುದು ಹೇಗೂ ತಪ್ಪದು ಎಂದಾದ ಮೇಲೆ ಅದರ ಮೇಲೆ ನಾಲ್ಕು ಉಪದೇಶವನ್ನಾದರೂ ಮಾಡದಿದ್ದರೆ ನಷ್ಟವಲ್ಲವೇ? ಸೈಕಲ್ಲಿಗೂ ಮಾನವಿದೆ, ಅದನ್ನು ಕರಡಿಯ ಹಾಗೆ ಕುಣಿಸಬಾರದು ಎಂದು ನಾನು ದಿನಾ ಅಲ್ಲಿ ಹೇಳತೊಡಗಿದೆ.

ಆಗಲೇ ಹರಿಹರದ ಪೇಟೆಯಲ್ಲಿ ಒಂದು ಮಳಿಗೆ ಖಾಲಿಯಾಯಿತು. ಹೊಳೆಯಾಚೆಯ ರೈತರೆಲ್ಲ ಹಾದುಹೋಗುವ ಜಾಗ. ಎರಡನೆಯ ಅಂಗಡಿಗೆ ನಾನು ಎಷ್ಟೋ ಕಾಲದಿಂದ ಆಸೆಪಟ್ಟಿದ್ದೆ. ನನ್ನಂತೆಯೇ ಹಿಂಡಿ ಮಾರುವ ಹದಡಿಯ ರುದ್ರಪ್ಪನಿಗೂ ಅದರ ಮೇಲೆ ಕಣ್ಣು. ಮಳಿಗೆಯ ಯಜಮಾನರು ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದ್ದರು: ಯಾರು ಮೊದಲು ಬಂದು ಎಲೆ ಅಡಿಕೆ ಹಿಡಿಯುತ್ತಾರೋ ಅವರಿಗೆ ಮಳಿಗೆ.

ಬೆಳಗಿನ ರೈಲು ಹಿಡಿಯಲು ಸೈಕಲ್ ಏರಿ ಹೊರಟೆ. ಗೇಟು ಬಿದ್ದಿತ್ತು. ಬಿದ್ದದ್ದು ಬೇರೆ ಯಾವ ರೈಲಿಗೂ ಅಲ್ಲ, ನಾನು ಹತ್ತಬೇಕಾದ ರೈಲಿಗೇ! ಅದು ಹೋಗದೆ ಗೇಟು ತೆರೆಯುವುದಿಲ್ಲ; ತೆರೆದ ಮೇಲೆ ನನಗೆ ರೈಲಿಲ್ಲ. ಸಾಲಿನ ಮುಂದೆ ಗಿರಿಜೆ ನಿಂತಿದ್ದಳು. ಅಷ್ಟರಲ್ಲಿ ರುದ್ರಪ್ಪ ಬಂದ. "ಏನ್ ಸಾವ್ಕಾರ್ರೇ, ಹರಿಹರಕ್ಕೇನು? ಬರ್ರಿ ಮತ್ತ!" ಎಂದು ಸೈಕಲ್ ಎತ್ತಿ, ತಬ್ಬಿ, ಹಲ್ಲಿಯಂತೆ ಸಂದಿಯಲ್ಲಿ ತೂರಿ ಹೋದ. ನನ್ನ ಕೈ ತಾನಾಗಿಯೇ ಹ್ಯಾಂಡಲ್ ಎತ್ತಿತು. ಮಗಳ ಮುಖ ನೋಡಿದೆ. ಇಳಿಸಿದೆ.

"ಅಪ್ಪಾಜಿ, ನಿಮ್ಮ ಸೈಕಲ್ ಇತ್ತ..." ಎಂದಳು ಗಿರಿಜೆ.

"ಸುಮ್ನಿರವ್ವಾ. ಕೆಂಪು ಅಂದ್ರೆ ಕೆಂಪು."

"ಅಲ್ರಿ ಅಪ್ಪಾಜಿ, ನಾನು ಹಿಡ್ಕಂಡು..."

"ನನ್ನ ಏನೂ ಹಿಡೀಬ್ಯಾಡ. ನಾನು ದುಡುಕಂಗಿಲ್ಲ. ಮಳಿಗೆ ಇವತ್ತು ಬರ್ತೈತೆ, ನಾಳೆ ಹೋಗ್ತೈತೆ. ಮಾತು ದೊಡ್ಡದು."

ಕೊನೆಯ ವಾಕ್ಯವನ್ನು ಸಾಲಿನಲ್ಲಿದ್ದವರೆಲ್ಲರಿಗೂ ಕೇಳುವಂತೆ ಹೇಳಿದೆ. ಕೆಲವರು ತಲೆದೂಗಿದರು. ಅದರಿಂದ ಹುರುಪು ಬಂದು ಇನ್ನೂ ಒಂದಷ್ಟು ಹೇಳಿದೆ. ರೈಲು ಬಂತು, ನಿಂತಿತು, ಕೂಗಿತು, ಹೋಯಿತು.

ಬಸ್ಸು ಹಿಡಿದು ಹರಿಹರ ತಲುಪಿದಾಗ ರುದ್ರಪ್ಪ ಯಜಮಾನರ ಪಕ್ಕದಲ್ಲಿ ಚಾಪೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದ. "ಬರ್ರಿ, ಕೂಡ್ರಿ, ಚಾ ಕುಡೀರಿ," ಎಂದ, ಆಗಲೇ ಮನೆಯವನಂತೆ. ಕುಡಿದೆ. ಅದೊಂದಾದರೂ ದಕ್ಕಲಿ ಎಂದು.

ಮನೆಗೆ ಬಂದು, "ನಿನ್ನ ಮಾತಿಗಾಗಿ ಮಳಿಗೆ ಬಿಟ್ಟು ಬಂದೆ ನೋಡು," ಎಂದೆ. ಹೊಗಳಿಕೆಗೆ ಕಿವಿ ಚಾಚಿ ಕೂತೆ. ಗೌರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಸೈಕಲ್ ಗಿರಿಜಾನ ಕೈಗೆ ಕೊಟ್ಟು ಆ ಸಣ್ಣ ಗೇಟಿನಾಗ ನಡಕಂಡು ಹೋಗಾಕ ಏನಾಗಿತ್ರಿ? ರೈಲಿನಾಗ ಸೈಕಲ್ ತುಳಿಯೋರಿದ್ರೇನು?"

ಒಳಗಿನಿಂದ ಗಿರಿಜೆಯ ದನಿ ಬಂತು. "ಅದನ್ನ ಹೇಳಾಕ ಹೋದ್ನವ್ವಾ. ಅಪ್ಪಾಜಿ ಭಾಷಣದಾಗಿದ್ರು."

ಮರುದಿನ ಗೇಟಿನ ಬಳಿ ಯಾರೋ ಗುಮಾಸ್ತರು ಸೈಕಲ್ ಹಿಡಿದು ರೈಲಿಗಾಗಿ ಚಡಪಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ತಲೆ ಓಡಿಸ್ಬೇಕು ಸ್ವಾಮಿ! ಸೈಕಲ್ ನನ್ನ ಕೈಗೆ ಕೊಟ್ಟು ನಡಕಂಡು ಹೋಗ್ರಿ," ಎಂದೆ. "ಏನ್ ತಲೆರೀ ನಿಮ್ದು!" ಎಂದು ಕೈಮುಗಿದು ಅವರು ಸಂದಿಯಲ್ಲಿ ಓಡಿದರು. ಆ ಹೊಗಳಿಕೆಯನ್ನು ನಾನು ವಿನಯದಿಂದಲೇ ಸ್ವೀಕರಿಸಿದೆ. ಅವರು ಯಾರು, ಯಾವ ಊರಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಕೇಳಿರಲಿಲ್ಲ ಎಂಬುದು ನೆನಪಾದದ್ದು ರೈಲು ಹೋದ ಮೇಲೆ. ಗೇಟು ಎದ್ದಿತು. ಎರಡು ಕೈಯಲ್ಲಿ ಎರಡು ಸೈಕಲ್ ಹಿಡಿದು ನಾನು ಅಲ್ಲೇ ನಿಂತಿದ್ದೆ. ಹುಸೇನ್ ಸಾಬರು ಹಸಿರು ಬಾವುಟ ಸುತ್ತಿಕೊಳ್ಳುತ್ತ ಕೇಳಿದರು:

"ಹೋಗ್ರಿ ಸಾವ್ಕಾರ್ರೇ, ಈಗ ಯಾಕ ನಿಂತೀರಿ?"